ಬಹುಪದೋಕ್ತಿ ಕೂಡಿಸುವಾಗ ಘಾತದ ಮೇಲೊಂದು ಕಣ್ಣಿರಲಿ

ಶಿರಸಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಒಂಬತ್ತನೇ ತರಗತಿಯಲ್ಲಿ ಬಹುಪದೋಕ್ತಿ (ಎಕ್ಸ್², ಎಕ್ಸ್³ ಇಂಥ ಪದಗಳು ಕೂಡಿದ ಉಕ್ತಿ) ಶುರುವಾದ ಕೂಡಲೇ ಮಕ್ಕಳ ಪಟ್ಟಿಯಲ್ಲಿ ಈ ತಪ್ಪು ಕಾಣಿಸುತ್ತದೆ:

3ಎಕ್ಸ್² + 4ಎಕ್ಸ್³ = 7ಎಕ್ಸ್⁵

ಸಂಖ್ಯೆಗೆ ಸಂಖ್ಯೆ, ಘಾತಕ್ಕೆ (ಎಕ್ಸ್ ತಲೆಯ ಮೇಲಿನ ಪುಟ್ಟ ಅಂಕಿಗೆ) ಘಾತ ಕೂಡಿಸಿಬಿಟ್ಟಿರುತ್ತಾರೆ. ಗುಣಾಕಾರದಲ್ಲಿ ಘಾತಗಳನ್ನು ಕೂಡಿಸಿದ ನೆನಪು ಇಲ್ಲಿ ಅಡ್ಡ ಬರುತ್ತದೆ.

ನಮ್ಮ ಮಕ್ಕಳಲ್ಲಿ ಅಡಿಕೆ ಮನೆಯವರೇ ಜಾಸ್ತಿ. ಹಾಗಾಗಿ ಕೇಳುತ್ತೇನೆ: 3 ಚೀಲ ಚಾಲಿ ಅಡಿಕೆ, 4 ಚೀಲ ರಾಶಿ ಅಡಿಕೆ ಇದ್ದರೆ ಒಟ್ಟಿಗೆ ಸುರಿದು ಮಾರುತ್ತೀರಾ? ಇಲ್ಲ, ಅಲ್ವಾ? ಚಾಲಿಗೆ ಚಾಲಿ, ರಾಶಿಗೆ ರಾಶಿ. ಸಜಾತಿ ಪದಗಳ, ಅಂದರೆ ಎಕ್ಸ್‌ನ ಘಾತ ಒಂದೇ ಇರುವ ಪದಗಳ, ಲೆಕ್ಕವೂ ಇಷ್ಟೇ. ಕೂಡುವುದು ಸಹಗುಣಕ (ಎಕ್ಸ್‌ನ ಎಡಕ್ಕಿರುವ ಸಂಖ್ಯೆ) ಮಾತ್ರ, ಘಾತ ಇದ್ದಂತೆಯೇ ಇರುತ್ತದೆ.

ಆಮೇಲೆ ಒಂದರ ಕೆಳಗೊಂದು ಬರೆಸುತ್ತೇನೆ. ಇಲ್ಲದ ಪದದ ಜಾಗದಲ್ಲಿ 0 ಬರೆಯಲೇಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

4ಎಕ್ಸ್³ + 0ಎಕ್ಸ್² − 2ಎಕ್ಸ್ + 5
−4ಎಕ್ಸ್³ + 3ಎಕ್ಸ್² + 2ಎಕ್ಸ್ + 1

ಕೂಡಿಸುವ ಮೊದಲೇ ಕೇಳುತ್ತೇನೆ, ಉತ್ತರದ ಮಹತ್ತಮ ಘಾತ ಎಷ್ಟು? ಇಡೀ ತರಗತಿ 3 ಅನ್ನುತ್ತದೆ. ಕೂಡಿಸಿದರೆ ಬರುವುದು 3ಎಕ್ಸ್² + 6. "ಅಕ್ಕೋರೇ, ಘನ ಎಲ್ಲಿ ಹೋಯ್ತು?" ಈ ಪ್ರಶ್ನೆ ಮಕ್ಕಳ ಬಾಯಿಂದಲೇ ಬರಬೇಕು, ಅದಕ್ಕೇ ಈ ಲೆಕ್ಕ ನನಗೆ ಇಷ್ಟ. 4 ಮತ್ತು −4 ಸೇರಿ ಸೊನ್ನೆಯಾದವು, ಮಹತ್ತಮ ಘಾತ 2ಕ್ಕೆ ಇಳಿಯಿತು. ಎರಡರ ಮಹತ್ತಮ ಘಾತ ಬೇರೆ ಬೇರೆ ಇದ್ದರೆ ದೊಡ್ಡದೇ ಉಳಿಯುತ್ತದೆ. ಒಂದೇ ಆಗಿದ್ದರೆ ಇಳಿಯಲೂಬಹುದು. ಕೂಡಿಸಿದಾಗ ಏರುವುದಂತೂ ಎಂದಿಗೂ ಇಲ್ಲ. 7ಎಕ್ಸ್⁵ ತಪ್ಪೆಂದು ಈ ಒಂದು ಮಾತಿನಿಂದಲೇ ಹೇಳಬಹುದು.

ಎಲ್ಲ ಪದಗಳೂ ಸೊನ್ನೆಯಾದರೆ? ಉಳಿಯುವುದು ಶೂನ್ಯ ಬಹುಪದೋಕ್ತಿ. ಅದಕ್ಕೆ ಮಹತ್ತಮ ಘಾತವನ್ನು ಹೇಳುವುದಿಲ್ಲ. ಸುಮ್ನೆ 7 ಇದ್ದರೆ ಮಾತ್ರ ಅದರ ಘಾತ 0.

ಕೊನೆಗೆ ತಾಳೆ ನೋಡಿಸುತ್ತೇನೆ. ಎಕ್ಸ್ ಜಾಗದಲ್ಲಿ 1 ಹಾಕುವುದು ಸುಲಭ, ಆದರೆ ಸಾಲದು. 1ರ ಯಾವ ಘಾತವೂ 1 ಆದ್ದರಿಂದ, ಮೇಲಿನ ತಪ್ಪು ಲೆಕ್ಕದಲ್ಲೂ ಎರಡೂ ಕಡೆ 7 ಬರುತ್ತದೆ. 2 ಹಾಕಿದರೆ ಎಡಗಡೆ 44, ಬಲಗಡೆ 224. ನಮ್ಮ ಲೆಕ್ಕದಲ್ಲಿ ಮೊದಲ ಸಾಲು 33, ಎರಡನೆಯದು −15, ಮೊತ್ತ 18. ಉತ್ತರದಲ್ಲಿ 2 ಹಾಕಿದರೂ 12 + 6, ಅಂದರೆ 18.