ಮಿಲಿಟರಿ ಶೂಟರ್ ವಿಮರ್ಶೆ ಬರೆಯೋದು ಹೇಗೆ: ಕ್ಯಾಂಪೇನ್‌ಗೆ ಒಂದು ಅಳತೆ, ಮಲ್ಟಿಪ್ಲೇಯರ್‌ಗೆ ಇನ್ನೊಂದು

ಒಂದೇ ದುಡ್ಡಿಗೆ ಸಿಕ್ಕರೂ ಮಿಲಿಟರಿ ಶೂಟರ್‌ನ, ಅಂದರೆ ಸೈನಿಕನಾಗಿ ಗುಂಡು ಹಾರಿಸುವ ಗೇಮ್‌ನ, ಕ್ಯಾಂಪೇನ್ (ಒಬ್ಬರೇ ಆಡುವ ಕಥೆ) ಮತ್ತು ಮಲ್ಟಿಪ್ಲೇಯರ್ (ಇಂಟರ್ನೆಟ್‌ನಲ್ಲಿ ಬೇರೆಯವರ ಎದುರು ಆಡುವುದು) ಎರಡು ಬೇರೆ ಬೇರೆ ಗೇಮ್‌ಗಳು. ಕ್ಯಾಂಪೇನ್ ಸಾಮಾನ್ಯವಾಗಿ ಐದಾರು ಗಂಟೆಯಲ್ಲಿ ಮುಗಿಯುತ್ತದೆ. ವರ್ಷ ಕಳೆದು ಆಡಿದರೂ ಹೆಚ್ಚುಕಮ್ಮಿ ಅದೇ ಆಟ. ಮಲ್ಟಿಪ್ಲೇಯರ್ ಹಾಗಲ್ಲ, ಪ್ರತಿ ಅಪ್‌ಡೇಟ್‌ಗೂ ಬಣ್ಣ ಬದಲಿಸುತ್ತದೆ. ಅದರ ಅರ್ಧ ಗುಣ ಸರ್ವರ್ ಎಲ್ಲಿದೆ, ಎದುರಿಗೆ ಯಾರು ಸಿಕ್ಕರು ಅನ್ನುವುದರ ಮೇಲೇ ನಿಂತಿದೆ. ಎರಡನ್ನೂ ಕಲಸಿ ಹತ್ತಕ್ಕೆ ಎಂಟು ಅಂತ ಅಂಕ ಕೊಟ್ಟರೆ ಓದಿದವರಿಗೆ ಏನೂ ದಕ್ಕುವುದಿಲ್ಲ. ಗೇಮ್ ಮಾಡುವವರೇ ಇವೆರಡನ್ನೂ ಬಿಡಿಸಿ ಮಾರಿದ್ದಾರೆ: 2018ರ ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ 4ರಲ್ಲಿ ಮಾಮೂಲಿ ಕ್ಯಾಂಪೇನ್ ಇರಲಿಲ್ಲ, 2021ರ ಬ್ಯಾಟಲ್‌ಫೀಲ್ಡ್ 2042ರಲ್ಲೂ ಇರಲಿಲ್ಲ. ನಾಲ್ಕೈದು ಸಾವಿರ ರೂಪಾಯಿ ಕೊಡಲು ಹೊರಟವರಲ್ಲಿ ಒಬ್ಬರಿಗೆ ಭಾನುವಾರ ಕೂತು ಕಥೆ ಮುಗಿಸುವ ಆಸೆ, ಇನ್ನೊಬ್ಬರಿಗೆ ರಾತ್ರಿ ಊಟ ಆದ ಮೇಲೆ ಗೆಳೆಯರ ಜೊತೆ ನಾಲ್ಕು ಮ್ಯಾಚ್ ಆಡಬೇಕು. ಇಬ್ಬರಿಗೂ ಬೇರೆ ಬೇರೆ ಉತ್ತರ ಕೊಡಬೇಕು.

ಆಡುವ ಮುಂಚೆ

ಈ ಜಾತಿಯ ಗೇಮ್‌ಗಳು ಸುಲಭವಾಗಿ 100 ಜಿಬಿ ದಾಟುತ್ತವೆ. 100 ಎಂಬಿಪಿಎಸ್ ಫೈಬರ್ ಪೂರ್ತಿ ವೇಗದಲ್ಲಿ ಬಂದರೂ 100 ಜಿಬಿ ಇಳಿಯಲು ಎರಡೂಕಾಲು ಗಂಟೆ ಬೇಕು. ಎಷ್ಟು ಜಿಬಿ ಡೌನ್‌ಲೋಡ್ ಆಯಿತು, ಡಿಸ್ಕ್‌ನಲ್ಲಿ ಎಷ್ಟು ಜಾಗ ಹಿಡಿಯಿತು, ಕ್ಯಾಂಪೇನ್ ಮುಗಿದ ಮೇಲೆ ಅದೊಂದನ್ನೇ ತೆಗೆದುಹಾಕಲು ಬರುತ್ತದೆಯೇ, ಇವನ್ನು ಮೊದಲೇ ಗುರುತು ಹಾಕಿಕೊಳ್ಳಿ. 512 ಜಿಬಿ ಎಸ್‌ಎಸ್‌ಡಿ ಇಟ್ಟುಕೊಂಡವರಿಗೆ ಗ್ರಾಫಿಕ್ಸ್ ಹೊಗಳಿಕೆಗಿಂತ ಈ ಮೂರು ಸಾಲು ಹೆಚ್ಚು ಉಪಯೋಗ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಏಳೆಂಟು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಪಿಸಿಗಳು ಊರ ತುಂಬ ಇವೆ. 2025ರ ಬ್ಯಾಟಲ್‌ಫೀಲ್ಡ್ 6ರಂಥ ಗೇಮ್‌ಗಳ ಆ್ಯಂಟಿ-ಚೀಟ್‌ಗೆ (ಮೋಸದ ಆಟ ತಡೆಯುವ ಸಾಫ್ಟ್‌ವೇರ್) ಸೆಕ್ಯೂರ್ ಬೂಟ್, ಅಂದರೆ ನಂಬಬಹುದಾದ ಸಾಫ್ಟ್‌ವೇರ್‌ನಿಂದಷ್ಟೇ ಪಿಸಿ ಶುರುವಾಗಲು ಬಿಡುವ ಸೆಟ್ಟಿಂಗ್, ಆನ್ ಇರಲೇಬೇಕು. ಹಳೇ ವಿಂಡೋಸ್ ಡಿಸ್ಕ್ ಎಂಬಿಆರ್ ಅನ್ನುವ ಹಳೇ ವಿಭಜನೆಯ ಮಾದರಿಯಲ್ಲಿದ್ದರೆ ಅದನ್ನು ಜಿಪಿಟಿ ಅನ್ನುವ ಹೊಸ ಮಾದರಿಗೆ ಬದಲಿಸಿ, ಬಯಾಸ್‌ನಲ್ಲಿ ಸಿಎಸ್‌ಎಂ (ಹಳೇ ರೀತಿಯ ಬೂಟ್‌ಗೆ ಅವಕಾಶ ಕೊಡುವ ಆಯ್ಕೆ) ಆಫ್ ಮಾಡಿ, ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಬೇಕು. ಈ ಕ್ರಮ ತಪ್ಪಿದರೆ ವಿಂಡೋಸ್ ಬೂಟ್ ಆಗುವುದೇ ಇಲ್ಲ. ಗೇಮ್‌ಗೆ ಇದು ಬೇಕೋ ಬೇಡವೋ ಅನ್ನುವುದು ವಿಮರ್ಶೆಯ ಮೇಲ್ಭಾಗದಲ್ಲೇ ಇರಲಿ.

ಮೊದಲ ಸಲ ತೆರೆದಾಗ ಶೇಡರ್ (ದೃಶ್ಯ ಬಿಡಿಸಲು ಗ್ರಾಫಿಕ್ಸ್ ಕಾರ್ಡ್‌ಗೆ ಬೇಕಾದ ಸಣ್ಣ ಪ್ರೋಗ್ರಾಂಗಳು) ಕಂಪೈಲ್ ಆಗುತ್ತಿರುತ್ತದೆ. ಅದು ಮುಗಿಯುವ ಮೊದಲೇ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಅಳೆದು 'ಗೇಮ್ ಜಗ್ಗುತ್ತೆ' ಅಂತ ಬರೆಯುವುದು ತುಂಬಾ ಜನ ಮಾಡುವ ತಪ್ಪು. ಕಂಪೈಲ್ ಮುಗಿದ ಮೇಲೆ ಒಂದು ಸಲ ಮುಚ್ಚಿ ತೆರೆದು, ಹತ್ತು ನಿಮಿಷ ಆಡಿ, ಆಮೇಲೆ ಅಳೆಯಿರಿ. ಹಾಗಂತ ಕಂಪೈಲ್‌ಗೆ ಎಷ್ಟು ನಿಮಿಷ ಹಿಡಿಯಿತು ಅನ್ನುವುದನ್ನು ಬಿಡಬೇಡಿ. ಪಿಸಿ ಗೇಮ್ ಮಾರುವ ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಬೇಕೆಂದರೆ ಕೊಂಡು 14 ದಿನದ ಒಳಗಿರಬೇಕು, ಎರಡು ಗಂಟೆಗಿಂತ ಕಡಿಮೆ ಆಡಿರಬೇಕು. ಗೇಮ್ ತೆರೆದುಕೊಂಡು ಶೇಡರ್‌ಗೆ ಕಾಯುವ ಸಮಯವೂ ಈ ಎರಡು ಗಂಟೆಯ ಲೆಕ್ಕಕ್ಕೇ ಸೇರುತ್ತದೆ.

ಅಳೆಯಲು ಎಂಎಸ್‌ಐ ಆಫ್ಟರ್‌ಬರ್ನರ್ ಅಥವಾ ಕ್ಯಾಪ್‌ಫ್ರೇಮ್‌ಎಕ್ಸ್ ಸಾಫ್ಟ್‌ವೇರ್ ಸಾಕು. ಸರಾಸರಿ ಒಂದನ್ನೇ ನಂಬಬೇಡಿ, '1% ಲೋ' (ಅತಿ ನಿಧಾನದ ನೂರಕ್ಕೊಂದು ಪಾಲು ಫ್ರೇಮ್‌ಗಳ ವೇಗ) ಸಂಖ್ಯೆಯನ್ನೂ ಬರೆಯಿರಿ. ಸರಾಸರಿ 110 ಇದ್ದು 1% ಲೋ 38ಕ್ಕೆ ಇಳಿದರೆ, ಗ್ರೆನೇಡ್ ಸಿಡಿದಾಗಲೆಲ್ಲ ಪರದೆ ಮುಗ್ಗರಿಸುತ್ತದೆ ಅಂತ ಅರ್ಥ. ನಡುನಡುವೆ ಊಹೆಯ ಚಿತ್ರ ಸೇರಿಸುವ ಫ್ರೇಮ್ ಜನರೇಷನ್ ಆಫ್ ಮಾಡಿಯೇ ಮೂಲ ಅಳತೆ ತೆಗೆಯಿರಿ. ಅದು ತೋರಿಸುವ ಸಂಖ್ಯೆ ದೊಡ್ಡದಾಗುತ್ತದೆಯೇ ಹೊರತು ಮೌಸ್ ಒತ್ತಿದ್ದಕ್ಕೆ ಗನ್ ಬೇಗ ಸಿಡಿಯುವುದಿಲ್ಲ.

ಕ್ಯಾಂಪೇನ್: ಒಂದು ಸಲ ಆಡಿ, ಒಂದು ಸಲ ಕೆಣಕಿ

ಮೊದಲ ಸುತ್ತು ಮಧ್ಯಮ ಡಿಫಿಕಲ್ಟಿಯಲ್ಲಿ, ನಿಲ್ಲಿಸಿ ನಿಲ್ಲಿಸಿ ಟಿಪ್ಪಣಿ ಮಾಡದೆ ಆಡಿ ಮುಗಿಸಿ. ಒಂದೊಂದು ಮಿಷನ್ ಮುಗಿದಾಗ ಎಷ್ಟು ನಿಮಿಷ ಆಯಿತು, ಅದರಲ್ಲಿ ಎಷ್ಟು ಹೊತ್ತು ಬರೀ ನೋಡುತ್ತಾ ಅಥವಾ ಯಾರದೋ ಹಿಂದೆ ನಡೆಯುತ್ತಾ ಇದ್ದಿರಿ, ಇಷ್ಟು ಮಾತ್ರ ಬರೆದುಕೊಳ್ಳಿ. 45 ನಿಮಿಷದ ಮಿಷನ್‌ನಲ್ಲಿ 20 ನಿಮಿಷ ಬಾಗಿಲು ತೆರೆಯಲು ಕಾದಿದ್ದರೆ ಅದು ನಿಜಕ್ಕೂ 25 ನಿಮಿಷದ ಮಿಷನ್.

ಎರಡನೇ ಸುತ್ತಿಗೆ ಎರಡೇ ಮಿಷನ್ ಸಾಕು. ಒಂದು ಬಯಲಿನಲ್ಲಿ ನಡೆಯುವಂಥದ್ದು, ಇನ್ನೊಂದು ಮನೆಯೊಳಗೆ ನುಗ್ಗುವಂಥದ್ದು. ಅತಿ ಕಷ್ಟದ ಹಂತ ಹಾಕಿ, ಬೇಕಂತಲೇ ಗೇಮ್‌ಗೆ ತೊಂದರೆ ಕೊಡಿ.

ಒಂದೇ ಗೋಡೆಯ ಹಿಂದೆ ಮೂರು ನಿಮಿಷ ಕೂತು ಗುಂಡು ಹಾರಿಸುತ್ತಿರಿ. ಶತ್ರುಗಳು ಮುಗಿಯುತ್ತಾರೋ, ಒರತೆಯ ನೀರಿನ ಹಾಗೆ ಬರುತ್ತಲೇ ಇರುತ್ತಾರೋ? 2007ರ ಕಾಲ್ ಆಫ್ ಡ್ಯೂಟಿ 4: ಮಾಡರ್ನ್ ವಾರ್‌ಫೇರ್‌ನ ಹಲವು ಕಡೆ ನೀವು ಕಣ್ಣಿಗೆ ಕಾಣದ ಒಂದು ಗೆರೆ ದಾಟುವವರೆಗೂ ಸೈನಿಕರು ಹುಟ್ಟುತ್ತಲೇ ಇದ್ದರು. ಅಂಥ ಕಡೆ ಜಾಣತನದಿಂದ ಆಡಿದವರಿಗೇ ನಷ್ಟ, ಕಣ್ಣು ಮುಚ್ಚಿ ಓಡಿದವರಿಗೆ ಲಾಭ. ಇಂಥದ್ದು ಕಂಡರೆ ಯಾವ ಮಿಷನ್, ಯಾವ ಜಾಗ ಅಂತ ಹೆಸರಿಟ್ಟು ಬರೆಯಿರಿ.

ಇನ್ನೊಂದು ಪರೀಕ್ಷೆ: ಒಂದೂ ಗುಂಡು ಹಾರಿಸದೆ ಜೊತೆಗಾರರ ಹಿಂದೆ ಸುಮ್ಮನೆ ನಡೆಯಿರಿ. ಅವರೇ ಎಲ್ಲರನ್ನೂ ಮುಗಿಸಿಬಿಟ್ಟರೆ ನೀವು ಅಲ್ಲಿ ಬರೀ ಪ್ರೇಕ್ಷಕ. ಅವರು ಯಾರಿಗೂ ತಾಗಿಸದೆ ಬರೀ ಸದ್ದು ಮಾಡುತ್ತಿದ್ದರೆ ಅವರು ಗೊಂಬೆಗಳು. ಚೆನ್ನಾಗಿ ಮಾಡಿದ ಗೇಮ್ ಇವೆರಡರ ನಡುವೆ ಇರುತ್ತದೆ. ಹಾಗೆಯೇ ಚೆಕ್‌ಪಾಯಿಂಟ್, ಅಂದರೆ ಆಟ ತಾನೇ ಸೇವ್ ಆಗುವ ಜಾಗ: ನಡುವೆ ಟಾಸ್ಕ್ ಮ್ಯಾನೇಜರ್‌ನಿಂದ ಗೇಮ್ ಕೊಂದು ಮತ್ತೆ ತೆರೆಯಿರಿ. ಎಷ್ಟು ನಿಮಿಷದ ಆಟ ಕಳೆದುಹೋಯಿತು? ಮಳೆಗಾಲದ ಸಂಜೆ ಯುಪಿಎಸ್ ಇಲ್ಲದೆ ಆಡುವವರಿಗೆ ಇದು ಸಣ್ಣ ವಿಷಯವಲ್ಲ.

ಕಥೆಯ ಬಗ್ಗೆ ಬರೆಯುವಾಗ 'ಎಮೋಷನಲ್ ಆಗಿದೆ' ಅಂತ ಮುಗಿಸಬೇಡಿ. ಇದು ಯುದ್ಧದ ಗೇಮ್, ಯಾರ ಯುದ್ಧ ಅಂತ ಕೇಳಲೇಬೇಕು. 2019ರ ಮಾಡರ್ನ್ ವಾರ್‌ಫೇರ್‌ನಲ್ಲಿ 'ಹೈವೇ ಆಫ್ ಡೆತ್' ಅನ್ನುವ ಹೆಸರಿನ ರಸ್ತೆ ಬರುತ್ತದೆ, ಅಲ್ಲಿ ಬಾಂಬ್ ಹಾಕಿದ್ದು ರಷ್ಯನ್ನರು ಅಂತ ಆ ಕಥೆ ಹೇಳುತ್ತದೆ. ಅದೇ ಹೆಸರಿನಿಂದ ಕರೆಸಿಕೊಂಡ ನಿಜವಾದ ರಸ್ತೆ ಕುವೈತ್‌ನಿಂದ ಇರಾಕ್ ಕಡೆಗಿನದು. 1991ರಲ್ಲಿ ಅಲ್ಲಿ ದಾಳಿ ಮಾಡಿದ್ದು ಅಮೆರಿಕ ನೇತೃತ್ವದ ಪಡೆಗಳು. ಇದನ್ನು ಗಮನಿಸದೆ ಬರೆದ ಕ್ಯಾಂಪೇನ್ ವಿಮರ್ಶೆ ಅರ್ಧ ಮಾತ್ರ. 2009ರ ಮಾಡರ್ನ್ ವಾರ್‌ಫೇರ್ 2ರಲ್ಲಿ ವಿಮಾನ ನಿಲ್ದಾಣದಲ್ಲಿ ಜನಸಾಮಾನ್ಯರ ಮೇಲೆ ಗುಂಡು ಹಾರಿಸುವ ಮಿಷನ್ ಇತ್ತು, ಅದನ್ನು ಬಿಟ್ಟು ಮುಂದೆ ಹೋಗಲೂ ಅವಕಾಶ ಕೊಟ್ಟಿದ್ದರು. ಇಂಥ ದೃಶ್ಯ ಇದೆಯೇ, ದಾಟಿ ಹೋಗಬಹುದೇ, ರಕ್ತ ಮತ್ತು ಬೈಗುಳ ಆಫ್ ಮಾಡುವ ಆಯ್ಕೆ ಇದೆಯೇ ಅಂತ ಹೇಳಿ. ನಮ್ಮಲ್ಲಿ ಕನ್ಸೋಲ್ ಇರುವುದು ಹಾಲ್‌ನ ಟಿವಿಗೆ. ಹಿಂದೆ ಅಜ್ಜಿ ಕೂತಿರುತ್ತಾರೆ.

ಹಲಸೂರು ಕೆರೆ ಪಕ್ಕದಲ್ಲೇ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಇರುವ ಊರು ಇದು. ಸೇನೆಯಲ್ಲಿದ್ದವರ ಮನೆಮಂದಿಯೂ ನಿಮ್ಮ ವಿಮರ್ಶೆ ಓದುತ್ತಾರೆ. ಮ್ಯಾಗಝಿನ್‌ನಲ್ಲಿ ಗುಂಡು ಉಳಿದಿರುವಾಗ ಬದಲಿಸಿದರೂ, ಪೂರ್ತಿ ಖಾಲಿಯಾದ ಮೇಲೆ ಬದಲಿಸಿದರೂ ಅನಿಮೇಷನ್ ಒಂದೇ ಇದ್ದರೆ ಅವರ ಕಣ್ಣಿಗೆ ಮೊದಲು ಬೀಳುವುದೇ ಅದು.

ಮಲ್ಟಿಪ್ಲೇಯರ್

ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಸಾಕು ಅನ್ನುತ್ತಾರೆ. ಮಲ್ಟಿಪ್ಲೇಯರ್‌ಗೆ ಆ ಲೆಕ್ಕ ಬೇಡ. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಡುವ ಸರ್ವರ್‌ನಲ್ಲಿ ಜನಜಂಗುಳಿ ಇರುವುದಿಲ್ಲ. ನಿಜವಾದ ಒತ್ತಡ ಬೀಳುವುದು ಬಿಡುಗಡೆಯಾದ ಮೊದಲ ವಾರಾಂತ್ಯಕ್ಕೆ. ಕನಿಷ್ಠ ಅದು ಕಳೆಯುವವರೆಗೆ ಅಂಕ ಕೊಡಬೇಡಿ. 60 ಮ್ಯಾಚ್ ಒಂದು ಒಳ್ಳೆಯ ಗುರಿ. ಬೆಳಿಗ್ಗೆ ಹನ್ನೊಂದಕ್ಕೆ ಕೆಲವು, ರಾತ್ರಿ ಒಂಬತ್ತರ ಮೇಲೆ ಹೆಚ್ಚು, ಭಾನುವಾರ ಕೆಲವು. ಅರ್ಧ ಒಬ್ಬರೇ, ಅರ್ಧ ಗೆಳೆಯರ ಜೊತೆ ಆಡಿ. ಹೊಸ ಅಕೌಂಟ್‌ನ ಮೊದಲ ಹತ್ತು ಮ್ಯಾಚ್ ಲೆಕ್ಕಕ್ಕೆ ಹಿಡಿಯಬೇಡಿ, ನಿಮ್ಮನ್ನು ಯಾರ ಜೊತೆ ಕೂಡಿಸಬೇಕೆಂದು ಮ್ಯಾಚ್‌ಮೇಕಿಂಗ್‌ಗೆ ಇನ್ನೂ ಗೊತ್ತಿರುವುದಿಲ್ಲ.

ಒಂದು ಹಾಳೆಯಲ್ಲಿ ಪ್ರತಿ ಮ್ಯಾಚ್‌ಗೂ ಒಂದು ಸಾಲು ಬರೆಯಿರಿ: ಸಮಯ, ಮೋಡ್, ಮ್ಯಾಪ್, ಲಾಬಿಗೆ (ಮ್ಯಾಚ್‌ಗೆ ಮುಂಚೆ ಆಟಗಾರರು ಸೇರುವ ಕಡೆ) ಕಾದ ಸೆಕೆಂಡ್, ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿದ ಮಿಲಿಸೆಕೆಂಡ್), ಎಷ್ಟು ಜನ ನಡುವೆ ಬಿಟ್ಟು ಹೋದರು. ಗೆಲುವು ಸೋಲು ಕೊನೆಯ ಕಾಲಮ್‌ನಲ್ಲಿರಲಿ. ಈ ಹಾಳೆ ಇಲ್ಲದಿದ್ದರೆ ಸೋತ ರಾತ್ರಿಯ ಸಿಟ್ಟೇ ವಿಮರ್ಶೆಯಾಗಿಬಿಡುತ್ತದೆ.

ಪಿಂಗ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಫೈಬರ್‌ನೊಳಗೆ ಬೆಳಕು ಒಂದು ಮಿಲಿಸೆಕೆಂಡ್‌ಗೆ ಸುಮಾರು 200 ಕಿ.ಮೀ. ಹೋಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ನೇರ ಗೆರೆಯಲ್ಲಿ 850 ಕಿ.ಮೀ. ಆಸುಪಾಸು, ಸಿಂಗಪುರಕ್ಕೆ ಸುಮಾರು 3,200. ಅಂದರೆ ಹೋಗಿ ಬರಲು ಕನಿಷ್ಠ ಎಂಟೊಂಬತ್ತು ಮತ್ತು 32 ಮಿಲಿಸೆಕೆಂಡ್. ಕೇಬಲ್ ನೇರವಾಗಿ ಹೋಗುವುದಿಲ್ಲ, ನಡುವಿನ ರೂಟರ್‌ಗಳೂ ಸಮಯ ತಿನ್ನುತ್ತವೆ, ಹಾಗಾಗಿ ಪರದೆಯ ಮೇಲೆ ಕಾಣುವುದು ಇದಕ್ಕಿಂತ ಹೆಚ್ಚೇ. ಮುಂಬೈ ಸರ್ವರ್ ಇದ್ದೂ 90 ತೋರಿಸುತ್ತಿದ್ದರೆ ದೋಷ ದೂರದ್ದಲ್ಲ. ಮೊದಲು ನಿಮ್ಮ ಮನೆಯೊಳಗೆ ಹುಡುಕಿ. ಅಪಾರ್ಟ್‌ಮೆಂಟ್‌ನಲ್ಲಿ ಮೂವತ್ತು ವೈಫೈ ಹೆಸರು ಕಾಣುವ ಕಡೆ 2.4 ಗಿಗಾಹರ್ಟ್ಸ್‌ನಲ್ಲಿ ಅಳೆದ ಪಿಂಗ್ ಅಕ್ಕಪಕ್ಕದ ಮನೆಯವರ ಪಿಂಗ್. ಲ್ಯಾನ್ ಕೇಬಲ್ ಹಾಕಿ. ರೂಟರ್‌ಗೂ ಫೈಬರ್ ಡಬ್ಬಿಗೂ ಒಂದು ಮಿನಿ ಯುಪಿಎಸ್ ಇರಲಿ. ರೂಟರ್‌ಗೇ ಪಿಂಗ್ ಮಾಡಿದಾಗ ಒಂದೆರಡು ಮಿಲಿಸೆಕೆಂಡ್ ದಾಟದೆ, ಗೇಮ್ ಸರ್ವರ್‌ಗೆ ಮಾತ್ರ ಏರಿಳಿದರೆ ಆಗ ಹೊರಗಿನ ಮಾತು. ಬೇರೆ ಕಂಪನಿಯ ಕನೆಕ್ಷನ್ ಇರುವ ಗೆಳೆಯನ ಮನೆಯಿಂದಲೂ ಅದೇ ಹೊತ್ತಿಗೆ ಅಳೆದು ನೋಡದೆ ಗೇಮ್‌ನ ಸರ್ವರ್ ಕೆಟ್ಟದು ಅಂತ ಬರೆಯಬೇಡಿ.

ಪಿಂಗ್‌ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂದರೆ, ಲೆಕ್ಕ ಹೀಗಿದೆ. ಒಂದು ರೈಫಲ್ ನಿಮಿಷಕ್ಕೆ 750 ಗುಂಡು ಹಾರಿಸುತ್ತದೆ ಅನ್ನಿ. 60,000ವನ್ನು 750ರಿಂದ ಭಾಗಿಸಿದರೆ ಎರಡು ಗುಂಡಿನ ನಡುವೆ 80 ಮಿಲಿಸೆಕೆಂಡ್. ಎದುರಾಳಿ ಸಾಯಲು ಐದು ಗುಂಡು ಬೇಕಾದರೆ ಮೊದಲನೆಯದು ಶೂನ್ಯಕ್ಕೆ ತಾಗುತ್ತದೆ, ಉಳಿದ ನಾಲ್ಕಕ್ಕೆ 320 ಮಿಲಿಸೆಕೆಂಡ್. ಟೈಮ್ ಟು ಕಿಲ್ ಅಂದರೆ ಇದೇ. ಐದನ್ನು 80ರಿಂದ ಗುಣಿಸಿ 400 ಅಂತ ಬರೆಯುವ ತಪ್ಪು ಪದೇ ಪದೇ ಕಾಣುತ್ತದೆ. ಈಗ 30 ಪಿಂಗ್‌ಗೂ 110 ಪಿಂಗ್‌ಗೂ ಇರುವ ವ್ಯತ್ಯಾಸ ನೋಡಿ, ಸರಿಯಾಗಿ ಒಂದು ಗುಂಡು. ಗೋಡೆಯ ಹಿಂದೆ ಸರಿದ ಮೇಲೂ ಸತ್ತಂತೆ ಅನ್ನಿಸುವುದಕ್ಕೆ ಇದೊಂದು ಮುಖ್ಯ ಕಾರಣ. ಜೊತೆಗೆ ಸರ್ವರ್‌ನ ಟಿಕ್‌ರೇಟ್ ಇದೆ: ಸೆಕೆಂಡಿಗೆ 64 ಸಲ ಲೆಕ್ಕ ಹಾಕುವ ಸರ್ವರ್‌ನಲ್ಲಿ ಒಂದು ಟಿಕ್ 15.6 ಮಿಲಿಸೆಕೆಂಡ್, 128 ಆದರೆ 7.8.

ಗನ್‌ಗಳನ್ನು ಪ್ರೈವೇಟ್ ಮ್ಯಾಚ್‌ನಲ್ಲಿ ಒಬ್ಬ ಗೆಳೆಯನನ್ನು ನಿಲ್ಲಿಸಿ ನೋಡಿ. 10, 25, 50 ಮೀಟರ್‌ನಿಂದ ಎದೆಗೆ ಎಷ್ಟು ಗುಂಡು, ತಲೆಗೆ ಎಷ್ಟು. ಆಮೇಲೆ 25 ಮೀಟರ್ ದೂರದ ಗೋಡೆಗೆ ಒಂದು ಪೂರ್ತಿ ಮ್ಯಾಗಝಿನ್ ಖಾಲಿ ಮಾಡಿ, ಮೌಸ್ ಅಲುಗಿಸದೆ, ಐದು ಸಲ. ಐದೂ ಸಲ ಗುರುತು ಒಂದೇ ಆಕಾರದಲ್ಲಿದ್ದರೆ ರಿಕಾಯ್ಲ್ (ಗುಂಡು ಹಾರಿದಾಗ ಗನ್ ಒದೆಯುವುದು) ಕಲಿಯಬಹುದಾದದ್ದು. ಪ್ರತಿ ಸಲ ಬೇರೆ ಬಂದರೆ ಅದೃಷ್ಟದ ಆಟ. ಕೈ ಪಳಗಿಸಿಕೊಳ್ಳಲು ಗಂಟೆಗಟ್ಟಲೆ ಕೂರುವವರಿಗೆ ಈ ಒಂದು ಸಾಲಿಗಾಗಿಯೇ ನಿಮ್ಮ ವಿಮರ್ಶೆ ಬೇಕು.

ಮ್ಯಾಪ್‌ಗಳಲ್ಲಿ ನೋಡಬೇಕಾದದ್ದು ಸ್ಪಾನ್, ಅಂದರೆ ಸತ್ತವರು ಮತ್ತೆ ಹುಟ್ಟುವ ಜಾಗ. ಮೂರು ಬಾವುಟಕ್ಕೆ ಹೋರಾಡುವ ಡಾಮಿನೇಷನ್ ಮೋಡ್‌ನಲ್ಲಿ ಎ ಮತ್ತು ಬಿ ಬಾವುಟ ಹಿಡಿದುಕೊಂಡು, ಸಿ ಹತ್ತಿರ ನಿಮ್ಮವರಲ್ಲಿ ಒಬ್ಬರು ನುಗ್ಗಲಿ, ಎದುರಾಳಿ ಎಲ್ಲಿ ಹುಟ್ಟುತ್ತಾನೆ ಗಮನಿಸಿ. ಸತ್ತು ಹುಟ್ಟಿದ ಮೂರು ಸೆಕೆಂಡಿನೊಳಗೆ ಮತ್ತೆ ಸತ್ತದ್ದು ಎಷ್ಟು ಸಲ ಅಂತ ರೆಕಾರ್ಡಿಂಗ್ ನೋಡಿ ಎಣಿಸಿ. ನೆನಪಿನ ಮೇಲೆ ಬಿಟ್ಟರೆ ಎರಡು ಸಲ ಆದದ್ದು ಇಪ್ಪತ್ತಾಗುತ್ತದೆ. ಹೆಜ್ಜೆ ಸಪ್ಪಳ ಎಡದ್ದೋ ಬಲದ್ದೋ, ಮೇಲಿನ ಮಹಡಿಯದೋ ಕೆಳಗಿನದೋ ಅಂತ ಕಣ್ಣು ಮುಚ್ಚಿ ಹೇಳಲು ಆಗುತ್ತದೆಯೇ ನೋಡಿ. ಹೆಚ್ಚಿನ ಗೇಮ್‌ಗಳು ಮಹಡಿಯಲ್ಲೇ ಎಡವುತ್ತವೆ.

ಮೋಡ್ ಪಟ್ಟಿಯಲ್ಲಿ ಹನ್ನೆರಡು ಹೆಸರಿದ್ದರೂ ನಮ್ಮ ಕಡೆಯ ಸರ್ವರ್‌ನಲ್ಲಿ ರಾತ್ರಿ ಹತ್ತಕ್ಕೆ ಸಿಗುವುದು ಮೂರೋ ನಾಲ್ಕೋ ಇರಬಹುದು. ಯಾವುದಕ್ಕೆ 20 ಸೆಕೆಂಡ್, ಯಾವುದಕ್ಕೆ ಐದು ನಿಮಿಷ ಕಾದರೂ ಲಾಬಿ ತುಂಬಲಿಲ್ಲ ಅನ್ನುವುದನ್ನು ಹಾಳೆಯಿಂದ ತೆಗೆದು ಬರೆಯಿರಿ. ಹೊರದೇಶದ ವಿಮರ್ಶೆಯಲ್ಲಿ ಇದು ಸಿಗುವುದಿಲ್ಲ. ಅನ್‌ಲಾಕ್‌ಗಳಿಗೆ ಎಷ್ಟು ಗಂಟೆ ಬೇಕಾಯಿತು, ಅಂಗಡಿಯಲ್ಲಿ ಮಾರುವುದು ಬರೀ ಬಟ್ಟೆಯೋ, ಆಟದಲ್ಲಿ ಮೇಲುಗೈ ಕೊಡುವ ಗನ್ನೋ, ಅದನ್ನೂ ಸೇರಿಸಿ.

ಬರೆಯುವಾಗ

ವಿಮರ್ಶೆಯ ಮೇಲ್ಭಾಗದಲ್ಲಿ ನಾಲ್ಕು ವಿವರ ಇರಲಿ: ಆಡಿದ ದಿನಾಂಕಗಳು, ಗೇಮ್‌ನ ವರ್ಷನ್, ಯಂತ್ರದ ವಿವರ, ದುಡ್ಡು ಕೊಟ್ಟು ಕೊಂಡದ್ದೋ ಕಂಪನಿ ಕೊಟ್ಟದ್ದೋ. ಕ್ಯಾಂಪೇನ್‌ಗೆ ಒಂದು ತೀರ್ಪು, ಮಲ್ಟಿಪ್ಲೇಯರ್‌ಗೆ ಇನ್ನೊಂದು. ಕ್ಯಾಂಪೇನ್‌ನ ಮೂರನೇ ಒಂದು ಭಾಗ ದಾಟಿದ ಮೇಲಿನ ಕಥೆ ಬಾಯಿಬಿಡಬೇಡಿ.

'ಗನ್‌ಪ್ಲೇ ಸೂಪರ್' ಅನ್ನುವ ಸಾಲು ಬಂದಾಗಲೆಲ್ಲ ಅಳಿಸಿ, ಅದರ ಜಾಗದಲ್ಲಿ ಇಂಥದ್ದನ್ನು ಬರೆಯಿರಿ: 'ರೈಫಲ್‌ನ ಮೊದಲ ಆರು ಗುಂಡು ನೇರ ಮೇಲಕ್ಕೆ ಏರುತ್ತವೆ, ಏಳನೆಯದರಿಂದ ಬಲಕ್ಕೆ ವಾಲುತ್ತದೆ. ಹಾಗಾಗಿ 25 ಮೀಟರ್ ಆಚೆ ಐದೈದಾಗಿ ಹೊಡೆದವರೇ ಗೆಲ್ಲುತ್ತಾರೆ.' ಓದಿದವರು ತಮ್ಮ ಮನೆಯಲ್ಲೇ ಇದನ್ನು ಸರಿಯೋ ತಪ್ಪೋ ನೋಡಬಹುದು.

ಮೊದಲ ಸೀಸನ್ (ಕೆಲವು ತಿಂಗಳಿಗೊಮ್ಮೆ ಬರುವ ದೊಡ್ಡ ಅಪ್‌ಡೇಟ್‌ನ ಅವಧಿ) ಬದಲಾದಾಗ ಮತ್ತೆ ಹತ್ತು ಮ್ಯಾಚ್ ಆಡಿ. ಏನು ಬದಲಾಯಿತು ಅನ್ನುವುದನ್ನು ದಿನಾಂಕ ಹಾಕಿ ಮಲ್ಟಿಪ್ಲೇಯರ್ ಭಾಗದ ಮೇಲೆ ಸೇರಿಸಿ, ಹಳೆಯ ಸಾಲುಗಳನ್ನು ಸದ್ದಿಲ್ಲದೆ ತಿದ್ದಬೇಡಿ. ಕ್ಯಾಂಪೇನ್ ಭಾಗ ಇದ್ದಲ್ಲೇ ಇರಲಿ.