ಹಡಗಿನ ವೇಳಾಪಟ್ಟಿ ಹಿಡಿದು ಗ್ರೀಸ್ ಸುತ್ತಿದ್ದು

ಪ್ರಾಚೀನ ಗುಡಿಗಳಿರುವ ಅಥೆನ್ಸಿನ ಆಕ್ರೊಪೊಲಿಸ್ ಗುಡ್ಡಕ್ಕೆ ದಿನಕ್ಕೆ 20,000 ಜನರನ್ನು ಮಾತ್ರ ಬಿಡುತ್ತಾರೆ. 2023ರಲ್ಲಿ ಗ್ರೀಸ್ ಸರ್ಕಾರ ತಂದ ಮಿತಿ ಇದು. ಮಿತಿ ಅಂತ ಕೇಳಿದರೆ ಖುಷಿಯಾಗುತ್ತದೆ. ಆದರೆ 20,000 ಏನು ಕಡಿಮೆಯೇ? ಅಷ್ಟೂ ಜನ ಗುಡ್ಡದ ತುದಿಗೆ ಹೋಗುವುದು ಮೇಲಿರುವ ಒಂದೇ ಹಳೆಯ ಹೆಬ್ಬಾಗಿಲಿನಿಂದ, ಕಾಲು ಜಾರುವ ಅಮೃತಶಿಲೆಯ ಮೇಲೆ. ಇದನ್ನು ಓದಿದ ಮೇಲೆ ಏನೇನು ನೋಡಬೇಕು ಎಂಬ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ಉಳಿದವರು ಯಾವಾಗ ಬರುತ್ತಾರೆ, ಯಾವ ದಾರಿಯಲ್ಲಿ ಬರುತ್ತಾರೆ ಎಂದು ಹುಡುಕಲು ಕೂತೆ.

ಜನ ಮುಖ್ಯವಾಗಿ ಎರಡು ರೀತಿಯಲ್ಲಿ ಬರುತ್ತಾರೆ. ಒಂದು ಕ್ರೂಸ್ ಹಡಗು. ಇನ್ನೊಂದು, ಅಥೆನ್ಸಿನಿಂದ ಬೆಳಗ್ಗೆ ಹೊರಟು ರಾತ್ರಿ ವಾಪಸ್ಸಾಗುವ ಟೂರ್ ಬಸ್ಸು. ಎರಡೂ ಗಡಿಯಾರ ನೋಡಿಕೊಂಡೇ ನಡೆಯುತ್ತವೆ. ಹಡಗು ಸಾಮಾನ್ಯವಾಗಿ ಬೆಳಗ್ಗೆ ದಡ ಸೇರಿ ಸಂಜೆ ಹೊರಡುತ್ತದೆ. ಯಾವ ಬಂದರಿಗೆ ಯಾವ ದಿನ ಯಾವ ಹಡಗು ಎಂಬ ಪಟ್ಟಿ ತಿಂಗಳುಗಳ ಮೊದಲೇ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ಬಸ್ಸಿನ ಲೆಕ್ಕ ಇನ್ನೂ ಸುಲಭ. ಅಪೊಲೋ ಗುಡಿಯ ಅವಶೇಷಗಳಿರುವ ಡೆಲ್ಫಿ ಅಥೆನ್ಸಿನಿಂದ ಸುಮಾರು 180 ಕಿ.ಮೀ. ಎಂಟಕ್ಕೆ ಹೊರಟ ಬಸ್ಸು ಅಲ್ಲಿಗೆ ಬರುವುದು ಹನ್ನೊಂದರ ಆಸುಪಾಸು. ಮಧ್ಯಾಹ್ನ ಮೂರರ ಹೊತ್ತಿಗೆ ಅದು ಮತ್ತೆ ಹೊರಡಬೇಕು. ಬೆಂಗಳೂರಿನ ಬಸ್ಸುಗಳು ಹನ್ನೊಂದರ ಮೇಲೆ ಬೇಲೂರಿಗೆ ಬಂದು ತುಂಬಿಕೊಳ್ಳುವ ಹಾಗೇ ಇದು. ಹಿಂದಿನ ರಾತ್ರಿ ಬೇಲೂರಿನಲ್ಲೇ ಉಳಿದವರಿಗೆ ಬೆಳಗಿನ ಗುಡಿ ಬೇರೆಯೇ ಸಿಗುತ್ತದೆ, ಅಲ್ವಾ? ನಾನು ಹಾಕಿದ ಯೋಜನೆಯೂ ಅಷ್ಟೇ: ಅವಶೇಷದ ಪಕ್ಕದ ಊರಲ್ಲೇ ಮಲಗುವುದು, ಬಾಗಿಲು ತೆಗೆಯುವ ಹೊತ್ತಿಗೆ ಒಳಗೆ ಹೋಗುವುದು, ಬಸ್ಸು ಬರುವ ಹೊತ್ತಿಗೆ ಅಲ್ಲಿಂದ ಎದ್ದುಬಿಡುವುದು.

ಇನ್ನೊಂದು ವಿಷಯ ಟೂರ್ ಕಂಪನಿಗಳ ಬ್ರೋಷರ್‌ಗಳನ್ನು ಓದುವಾಗ ಗೊತ್ತಾಯಿತು. ಗ್ರೀಸಿನ ಪ್ಯಾಕೇಜ್ ಪ್ರವಾಸಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಸುತ್ತುತ್ತವೆ. ಅಥೆನ್ಸ್, ಕೊರಿಂಥ್ ಕಾಲುವೆ, ಎಪಿಡಾರಸ್, ಮೈಸೀನೆ, ಆಮೇಲೆ ಒಲಿಂಪಿಯಾ, ಕೊನೆಗೆ ಡೆಲ್ಫಿ. ನಾನು ಇದನ್ನೇ ತಿರುಗಿಸಿ ಹಾಕಿದೆ. ಡೆಲ್ಫಿ ಮೊದಲು, ಮೈಸೀನೆ ಕೊನೆಗೆ. ಎದುರು ದಿಕ್ಕಿನಲ್ಲಿ ಹೋದರೆ ಒಂದೇ ಗುಂಪು ದಿನಾ ಬೆನ್ನಿಗೆ ಬೀಳುವುದಿಲ್ಲ.

ತಿಂಗಳು ಯಾವುದು ಎಂಬ ಬಗ್ಗೆ ಮನೆಯಲ್ಲಿ ಸ್ವಲ್ಪ ಜಟಾಪಟಿಯೇ ಆಯಿತು. ಜುಲೈ, ಆಗಸ್ಟ್ ಬೇಡ ಎಂಬುದರಲ್ಲಿ ಇಬ್ಬರಿಗೂ ಒಂದೇ ಮನಸ್ಸು. ಇತ್ತೀಚಿನ ಬೇಸಿಗೆಗಳಲ್ಲಿ ಬಿಸಿಲು ತಡೆಯಲಾರದೆ ಆಕ್ರೊಪೊಲಿಸನ್ನು ಮಧ್ಯಾಹ್ನದ ಹೊತ್ತು ಮುಚ್ಚಿದ್ದೂ ಇದೆ. ಮೇ, ಸೆಪ್ಟೆಂಬರ್ ಚೆನ್ನಾಗಿರುತ್ತವೆ, ಆದರೆ ಅದು ಎಲ್ಲರಿಗೂ ಗೊತ್ತಿರುವ ಗುಟ್ಟು. ನಾನು ನವೆಂಬರ್ ಶುರುವನ್ನು ಆರಿಸಿದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ನವೆಂಬರ್ 1ರಿಂದ ಚಳಿಗಾಲದ ವೇಳೆ ಶುರುವಾಗುತ್ತದೆ. ಎಷ್ಟೋ ಕಡೆ ಮಧ್ಯಾಹ್ನ ಮೂರೂವರೆಗೇ ಬಾಗಿಲು ಹಾಕುತ್ತಾರೆ. ಐದೂವರೆಗೆಲ್ಲ ಕತ್ತಲು. ಮಳೆ ಬಂದರೆ ಬಂತು. "ರಜಕ್ಕೆ ಅಂತ ಹೋಗಿ ಬೆಳಗ್ಗೆ ಆರಕ್ಕೆ ಅಲಾರಂ ಇಡೋದಾ ರೀ?" ಎಂದು ಹೆಂಡತಿ ಕೇಳಿದಳು. ಹೌದು, ಅದೇ ಯೋಜನೆ ಎಂದೆ.

ಕ್ಯಾಲೆಂಡರಿನಲ್ಲಿ ಇನ್ನೂ ಎರಡು ಗುರುತು ಹಾಕಿಕೊಂಡೆ. ನವೆಂಬರಿನಿಂದ ಮಾರ್ಚ್‌ವರೆಗೆ ಪ್ರತಿ ತಿಂಗಳ ಮೊದಲ ಭಾನುವಾರ ಸರ್ಕಾರಿ ತಾಣಗಳಿಗೆ ಪ್ರವೇಶ ಪುಕ್ಕಟೆ. ಅಕ್ಟೋಬರ್ 28ರ ರಾಷ್ಟ್ರೀಯ ಹಬ್ಬದ ದಿನವೂ ಹಾಗೇ. ಪುಕ್ಕಟೆ ದಿನ ಆಕ್ರೊಪೊಲಿಸ್ ಕಡೆ ತಲೆ ಹಾಕಬಾರದು. ಅಂಥ ದಿನ ಹಳ್ಳಿ ಕಡೆಯ ತಾಣಕ್ಕೆ ಹೋದರೆ ದುಡ್ಡೂ ಉಳಿಯುತ್ತದೆ, ಜನವೂ ಇರುವುದಿಲ್ಲ. ಇನ್ನೊಂದು ಮಂಗಳವಾರ. ಸಣ್ಣ ಮ್ಯೂಸಿಯಂ, ಸಣ್ಣ ತಾಣಗಳು ಹಲವು ಆ ದಿನ ಮುಚ್ಚಿರುತ್ತವೆ. ಮಂಗಳವಾರವನ್ನು ಪ್ರಯಾಣಕ್ಕೆ ಇಟ್ಟುಕೊಂಡೆ.

ವೀಸಾ ವಿಷಯ ಜಾಸ್ತಿ ಎಳೆಯುವುದಿಲ್ಲ. ಷೆಂಗೆನ್ ವೀಸಾ, ಶುಲ್ಕ 90 ಯೂರೋ, ಮೇಲೆ ವೀಸಾ ಕೇಂದ್ರದ ಖರ್ಚು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಅರ್ಜಿಯನ್ನು ಆರು ತಿಂಗಳು ಮೊದಲಿನಿಂದ ಹಾಕಬಹುದು. ರದ್ದು ಮಾಡಿದರೆ ಹಣ ವಾಪಸ್ ಬರುವಂಥ ರೂಮುಗಳನ್ನೇ ಬುಕ್ ಮಾಡಿ. ಕಾರು ಓಡಿಸುವ ಆಸೆ ಇದ್ದರೆ ನಮ್ಮ ಆರ್‌ಟಿಓದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ತೆಗೆದುಕೊಂಡು ಹೋಗಿ.

ಇನ್ನು ಅಥೆನ್ಸ್. ಆಕ್ರೊಪೊಲಿಸ್ ಟಿಕೆಟಿಗೆ ಈಗ 30 ಯೂರೋ. ಸಮಯ ಆರಿಸಿಕೊಂಡೇ ಕೊಳ್ಳಬೇಕು. ಆ ಸಮಯಕ್ಕೆ ಕಾಲು ಗಂಟೆ ಹಿಂದೆ ಮುಂದೆ ಆದರೆ ನಡೆಯುತ್ತದೆ, ಅದಕ್ಕಿಂತ ತಡವಾದರೆ ಇಲ್ಲ. ನಾನು ಸರ್ಕಾರದ ಅಧಿಕೃತ ಜಾಲತಾಣದಲ್ಲೇ ಬೆಳಗ್ಗೆ 8ರ ಟಿಕೆಟ್ ಕೊಂಡೆ. ಅದಕ್ಕಿಂತ ಮುಖ್ಯವಾದದ್ದು ಬಾಗಿಲು. ಟೂರ್ ಗುಂಪುಗಳು ಸಾಲು ನಿಲ್ಲುವುದು ಪಶ್ಚಿಮದ ಮುಖ್ಯ ಬಾಗಿಲಲ್ಲಿ. ಆಕ್ರೊಪೊಲಿಸ್ ಮೆಟ್ರೋ ನಿಲ್ದಾಣದ ಹತ್ತಿರ, ದಕ್ಷಿಣದ ಇಳಿಜಾರಿನ ಕಡೆ ಇನ್ನೊಂದು ಬಾಗಿಲಿದೆ. ಅಲ್ಲಿ ಸಾಲು ಚಿಕ್ಕದು. ಒಳಗೆ ಕಾಲಿಟ್ಟ ಕೂಡಲೇ ಡಯೊನೈಸಸ್ ರಂಗಮಂದಿರ ಸಿಗುತ್ತದೆ. ಈಸ್ಕಿಲಸ್, ಸೋಫೋಕ್ಲಿಸ್, ಯೂರಿಪಿಡೀಸರ ನಾಟಕಗಳು ಮೊದಲು ನಡೆದ ಜಾಗ. ಗ್ರೀಕ್ ದುರಂತ ನಾಟಕಗಳನ್ನು ಕನ್ನಡದಲ್ಲಿ ಓದಿಕೊಂಡವರಿಗೆ ಅಲ್ಲಿಂದ ಕಾಲು ಕೀಳುವುದು ಕಷ್ಟ. ಆದರೂ ಆಗ ನಿಲ್ಲಬೇಡಿ. ಸೀದಾ ಮೇಲೆ ಹತ್ತಿ. ತುದಿಯಲ್ಲಿರುವ ದೊಡ್ಡ ಗುಡಿ ಪಾರ್ಥೆನಾನ್ ಮುಂದೆ ಬೆರಳೆಣಿಕೆಯ ಜನ ಇರುವುದು ಆ ಮೊದಲ ಅರ್ಧ ಗಂಟೆ ಮಾತ್ರ. ಪಿರೇಯಸ್ ಬಂದರಿನಿಂದ ಹಡಗಿನ ಗುಂಪುಗಳು, ಬಣ್ಣದ ಬಾವುಟ ಹಿಡಿದ ಗೈಡುಗಳು ಬಂದು ಸೇರುವ ಹೊತ್ತಿಗೆ ನಾವು ಕೆಳಗಿಳಿದು ಅದೇ ರಂಗಮಂದಿರದ ಕಲ್ಲಿನ ಆಸನಗಳ ಎದುರು ನಿಧಾನವಾಗಿ ಅಡ್ಡಾಡುತ್ತಿದ್ದೆವು.

ಅಥೆನ್ಸಿನಲ್ಲಿ ಜನರೇ ಇಲ್ಲದ ಜಾಗ ಬೇಕೆಂದರೆ ಕೆರಮೈಕಾಸ್. ಹಳೆಯ ಸ್ಮಶಾನ, ಜೊತೆಗೆ ನಗರದ ದೊಡ್ಡ ಬಾಗಿಲು ಡಿಪೈಲಾನ್. ಯುದ್ಧದಲ್ಲಿ ಸತ್ತವರನ್ನು ಅಥೆನ್ಸ್ ಸಾರ್ವಜನಿಕ ಗೌರವದೊಂದಿಗೆ ಹೂಳುತ್ತಿದ್ದದ್ದು ಇಲ್ಲಿಯೇ. ಮೊನಾಸ್ಟಿರಾಕಿ ಪೇಟೆಯ ಗದ್ದಲದಿಂದ ನಡೆದೇ ಹೋಗಬಹುದು. ಆದರೂ ಬಹಳ ಜನ ಹೋಗುವುದಿಲ್ಲ. ಯಾಕೋ ಗೊತ್ತಿಲ್ಲ, ಸ್ಮಶಾನ ಅಂತಲೇ ಇರಬೇಕು.

ಡೆಲ್ಫಿಯಲ್ಲಿ ಊರಿಗೂ ಅವಶೇಷಗಳಿಗೂ ನಡುವೆ ಹತ್ತು ನಿಮಿಷದ ನಡಿಗೆ. ರಾತ್ರಿ ಅಲ್ಲೇ ಉಳಿದೆವು. ಬೆಳಗ್ಗೆ ಅಪೊಲೋ ಗುಡಿ, ರಂಗಮಂದಿರ, ಮೇಲಿನ ಕ್ರೀಡಾಂಗಣ. ಬಸ್ಸುಗಳು ಬಂದ ಕೂಡಲೇ ರಸ್ತೆಯಲ್ಲಿ ಪೂರ್ವಕ್ಕೆ ನಡೆದು ಅಥೀನಾ ಪ್ರೊನಾಯಾ ತಾಣಕ್ಕೆ ಇಳಿದೆವು. ಫೋಟೋಗಳಲ್ಲಿ ಕಾಣುವ ಆ ಮೂರು ಕಂಬದ ದುಂಡು ಕಟ್ಟಡ ಇರುವುದು ಅಲ್ಲಿ. ಎಷ್ಟೋ ಗುಂಪುಗಳು ಅದನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಗಿಸುತ್ತವೆ. ಗುಂಪುಗಳು ಊಟಕ್ಕೆ ಎದ್ದ ಹೊತ್ತಿಗೆ ಮ್ಯೂಸಿಯಂ. ಅಲ್ಲಿನ ಕಂಚಿನ ರಥಸಾರಥಿಯ ವಿಗ್ರಹದ ಮುಂದೆ ಎಷ್ಟು ಹೊತ್ತು ನಿಂತರೂ ಯಾರೂ ತಳ್ಳಲಿಲ್ಲ.

ಅಲ್ಲಿಂದ ಕಡಲ ತೀರದ ದಾರಿ ಹಿಡಿದು, 2004ರಲ್ಲಿ ಒಲಿಂಪಿಕ್ಸಿಗೆ ಮೊದಲು ತೆರೆದ ರಿಯೊ–ಆಂಟಿರಿಯೊ ಸೇತುವೆ ದಾಟಿ ದಕ್ಷಿಣದ ಪರ್ಯಾಯದ್ವೀಪ ಪೆಲೊಪೊನೀಸ್‌ಗೆ. ಒಲಿಂಪಿಯಾದ ಜನಸಂದಣಿಯೆಲ್ಲ ಕಟಾಕೊಲೊ ಎಂಬ ಪುಟ್ಟ ಬಂದರಿನ ಕೈಯಲ್ಲಿದೆ. ಹಡಗು ಬಂದ ದಿನ ಸಾವಿರಾರು ಜನ ಅಲ್ಲಿಂದ ಬಸ್ಸುಗಳಲ್ಲಿ ಬರುತ್ತಾರೆ. ಹಡಗಿಲ್ಲದ ದಿನ ಅದೇ ಜಾಗ ಖಾಲಿ. ನಾನು ಇಡೀ ಪ್ರವಾಸದ ದಿನಾಂಕಗಳನ್ನು ಕೂಡಿಸಿದ್ದೇ ಕಟಾಕೊಲೊ ಪಟ್ಟಿಯಲ್ಲಿ ಖಾಲಿ ಇದ್ದ ಒಂದು ದಿನದ ಸುತ್ತ. ಗ್ರೀಕರ ದೇವರಾಜ ಜೀಯಸ್ ಗುಡಿಯ ದಪ್ಪ ಕಂಬಗಳು ಭೂಕಂಪಕ್ಕೆ ಬಿದ್ದು, ಬಿದ್ದ ಸಾಲಿನಲ್ಲೇ ಒಂದರ ಪಕ್ಕ ಒಂದು ಒರಗಿಕೊಂಡಿವೆ. ಅದನ್ನು ಸುತ್ತಿ ನೋಡಲು ಸಮಾಧಾನ ಬೇಕು. ಗುಂಪಿನ ನಡುವೆ ಅದು ಆಗದ ಕೆಲಸ.

ಈ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಸಿಕ್ಕಿದ್ದು ಹಡಗೂ ಬಸ್ಸೂ ಅಷ್ಟಾಗಿ ಮುಟ್ಟದ ಎರಡು ಜಾಗಗಳಲ್ಲಿ. ಮೊದಲನೆಯದು ಬಾಸೆ. ಆರ್ಕೇಡಿಯಾ ಬೆಟ್ಟಗಳಲ್ಲಿ, 1,130 ಮೀಟರ್ ಎತ್ತರದಲ್ಲಿ ಅಪೊಲೋ ಎಪಿಕ್ಯೂರಿಯಸ್‌ನ ಗುಡಿ. ಆಂಡ್ರಿಟ್ಸೈನಾ ಎಂಬ ಬೆಟ್ಟದೂರಿನಿಂದ 14 ಕಿ.ಮೀ. ತಿರುವಿನ ದಾರಿ. ಪಾರ್ಥೆನಾನ್ ಕಟ್ಟಿದ ಇಕ್ಟಿನಸ್ಸನೇ ಇದನ್ನೂ ಕಟ್ಟಿದ ಎಂದು ಎರಡನೇ ಶತಮಾನದ ಪ್ರವಾಸಿ ಪಾಸೇನಿಯಸ್ ಬರೆದಿದ್ದಾನೆ. ಗ್ರೀಸಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಮೊದಲು ಸೇರಿದ ತಾಣ ಇದೇ, 1986ರಲ್ಲಿ. ಆಕ್ರೊಪೊಲಿಸ್ ಸೇರಿದ್ದು ಅದರ ಮರುವರ್ಷ! ಆದರೂ ಜನ ಬರುವುದಿಲ್ಲ. ದಾರಿ ದೂರ ಎಂಬುದು ಒಂದು ಕಾರಣ. ಇನ್ನೊಂದು, ಗುಡಿ ಹೊರಗಿನಿಂದ ಕಾಣುವುದೇ ಇಲ್ಲ. ಮಳೆ, ಹಿಮ, ಗಾಳಿಯಿಂದ ಕಾಪಾಡಲು 1987ರಿಂದ ಅದರ ಮೇಲೆ ದೊಡ್ಡ ಬಿಳಿ ಡೇರೆ ಹಾಕಿದ್ದಾರೆ. ಫೋಟೋ ಚೆನ್ನಾಗಿ ಬರುವುದಿಲ್ಲ ಎಂದು ಬೈಯುವವರಿದ್ದಾರೆ. ನನ್ನನ್ನು ಕೇಳಿದರೆ ಆ ಡೇರೆ ಒಂದು ಉಪಕಾರವೇ. ಒಳಗೆ ಹೋದ ಕೂಡಲೇ ಬೆಟ್ಟ, ಆಕಾಶ ಎಲ್ಲ ಮರೆಯಾಗಿ ಬೂದುಗಲ್ಲಿನ ಕಂಬಗಳು ಮಾತ್ರ ಉಳಿಯುತ್ತವೆ. ಅಡ್ಡಕ್ಕೆ ಆರು, ಉದ್ದಕ್ಕೆ ಹದಿನೈದು. ಎಲೆಗಳ ಕೆತ್ತನೆಯಿರುವ ಕೊರಿಂಥಿಯನ್ ಶೈಲಿಯ ಕಂಬದ ತಲೆ ನಮಗೆ ಗೊತ್ತಿರುವ ಮಟ್ಟಿಗೆ ಮೊದಲು ಬಂದದ್ದು ಈ ಗುಡಿಯ ಒಳಗೆ. ಒಳಗಿನ ಶಿಲ್ಪಪಟ್ಟಿಯನ್ನು 19ನೇ ಶತಮಾನದ ಆರಂಭದಲ್ಲಿ ಕಿತ್ತು ಒಯ್ದರು. ಅದೀಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನಾವಿದ್ದಷ್ಟು ಹೊತ್ತೂ ಕಾವಲಿನವನನ್ನು ಬಿಟ್ಟರೆ ಬೇರೆ ಯಾರೂ ಬರಲಿಲ್ಲ. ಅವನಿಗೆ ನಮ್ಮ ಟಿಕೆಟ್‌ಗಿಂತ ನಮ್ಮ ತೆಳು ಜಾಕೆಟ್‌ಗಳ ಬಗ್ಗೆಯೇ ಜಾಸ್ತಿ ಚಿಂತೆ ಇದ್ದಂತಿತ್ತು. ಸ್ವೆಟರ್ ಮರೆಯಬೇಡಿ.

ಎರಡನೆಯದು ಪ್ರಾಚೀನ ಮೆಸ್ಸೀನೆ. ಮ್ಯಾಪಿನಲ್ಲಿ ಹುಷಾರು. ಮೆಸ್ಸೀನಿ ಎಂಬ ಈಗಿನ ಪಟ್ಟಣವೊಂದು ಕಲಮಾಟಾ ಪಕ್ಕದಲ್ಲಿದೆ. ನಿಮಗೆ ಬೇಕಾದದ್ದು ಅದಲ್ಲ, ಇಥೋಮೆ ಬೆಟ್ಟದ ಮಡಿಲಿನ ಮಾವ್ರೊಮಾಟಿ ಹಳ್ಳಿ. ಸ್ಪಾರ್ಟಾದವರು ಮೆಸ್ಸೀನಿಯಾದ ಜನರನ್ನು ತಲೆಮಾರುಗಳ ಕಾಲ ಜೀತಕ್ಕಿಟ್ಟುಕೊಂಡಿದ್ದರು. ಕ್ರಿ.ಪೂ. 371ರಲ್ಲಿ ಥೀಬ್ಸ್‌ನ ಸೇನಾಪತಿ ಎಪಮಿನೊಂಡಸ್ ಲ್ಯೂಕ್ಟ್ರಾ ಯುದ್ಧದಲ್ಲಿ ಸ್ಪಾರ್ಟಾವನ್ನು ಸೋಲಿಸಿದ. ಎರಡು ವರ್ಷಕ್ಕೆ ಆ ಜನರಿಗಾಗಿಯೇ ಈ ಊರನ್ನು ಕಟ್ಟಿಸಿದ. ಮತ್ತೆ ಯಾರೂ ನುಗ್ಗಬಾರದೆಂದು ಸುತ್ತ ಸುಮಾರು 9 ಕಿ.ಮೀ. ಕೋಟೆ. ಅದರ ಆರ್ಕೇಡಿಯನ್ ಬಾಗಿಲ ಮೂಲಕ ಈಗಲೂ ರಸ್ತೆ ಹಾದುಹೋಗುತ್ತದೆ. ಎರಡು ಸಾವಿರದ ಮುನ್ನೂರು ವರ್ಷ ಹಳೆಯ ದುಂಡು ಅಂಗಳದಲ್ಲಿ ಕಾರು ನಿಧಾನ ಮಾಡಿ, ಎದುರಿಗೆ ಯಾರಾದರೂ ಬರುತ್ತಾರಾ ಅಂತ ನೋಡಿಕೊಂಡು ದಾಟಬೇಕು.

ಒಂದೆರಡು ಗುಡಿಗಳಲ್ಲ, ಇಡೀ ಊರೇ ಇಲ್ಲಿದೆ. ರಂಗಮಂದಿರ, ಮಾರುಕಟ್ಟೆ, ವೈದ್ಯದೇವರು ಅಸ್ಕ್ಲೀಪಿಯಸ್‌ನ ದೊಡ್ಡ ಆವರಣ, ಕೊನೆಗೆ ಮೂರು ಕಡೆ ಕಂಬಸಾಲು ಇರುವ ಕ್ರೀಡಾಂಗಣ. ಕಲ್ಲಿನ ಮೆಟ್ಟಿಲುಗಳ ಮೇಲೆ ಕೂತು ನೋಡಿದರೆ ಸುತ್ತ ಆಲಿವ್ ತೋಟ. ಒಲಿಂಪಿಯಾದ ಕ್ರೀಡಾಂಗಣದಲ್ಲಿ ಕೂರಲು ಹುಲ್ಲಿನ ದಿಬ್ಬ ಮಾತ್ರ. ನೋಡಲು ಇದೇ ಎಷ್ಟೋ ಮೇಲು. ಅರ್ಧ ದಿನವಾದರೂ ಇಡಿ. ನವೆಂಬರ್ ಆಲಿವ್ ಕೊಯ್ಲಿನ ಕಾಲ. ಹಳ್ಳಿ ರಸ್ತೆಗಳಲ್ಲಿ ಮೂಟೆ ತುಂಬಿದ ಗಾಡಿಗಳು ಅಡ್ಡ ಸಿಗುತ್ತವೆ, ಅವಸರ ಮಾಡಬೇಡಿ.

ಊಟದ ಬಗ್ಗೆ ಸಸ್ಯಾಹಾರಿಗಳು ಕೇಳುತ್ತಾರೆ. ಹಳ್ಳಿ ಹೋಟೆಲುಗಳಲ್ಲೂ ಟೊಮೆಟೊ ರಸದಲ್ಲಿ ಬೇಯಿಸಿದ ದೊಡ್ಡ ಬಿಳಿ ಕಾಳು, ನಿಂಬೆ ಹಿಂಡಿದ ಬೇಯಿಸಿದ ಸೊಪ್ಪು, ಪಾಲಕ್ ತುಂಬಿದ ಕಡುಬಿನಂಥದ್ದು ಸಿಗುತ್ತದೆ. 'ನಿಸ್ಟಿಸಿಮಾ' ಎಂದು ಕೇಳಿದರೆ ಉಪವಾಸದ ಅಡುಗೆ ತೋರಿಸುತ್ತಾರೆ, ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಅವರ ಉಪವಾಸದಲ್ಲಿ ಸಿಗಡಿ, ಆಕ್ಟೋಪಸ್ ನಡೆಯುತ್ತದೆ. ಅದನ್ನು ಬಿಡಿಸಿ ಕೇಳಿಕೊಳ್ಳಿ.

ಮೈಸೀನೆಯಲ್ಲಿ ಮಾತ್ರ ನನ್ನ ಲೆಕ್ಕಾಚಾರ ಪೂರ್ತಿ ಗೆಲ್ಲಲಿಲ್ಲ. ಅಥೆನ್ಸಿಗೆ ಹತ್ತಿರ, ಹಾಗಾಗಿ ನವೆಂಬರಿನಲ್ಲೂ ಬಸ್ಸುಗಳು ಬರುತ್ತವೆ. ಪಕ್ಕದ ಹಳ್ಳಿಯಲ್ಲಿ ಉಳಿದು ಬಾಗಿಲು ತೆಗೆದ ಕೂಡಲೇ ಸಿಂಹದ್ವಾರ ದಾಟಿದ್ದಕ್ಕೆ ಒಂದು ಗಂಟೆ ನಮ್ಮದಾಯಿತು. ಅದೇ ಬಯಲಿನ ಟಿರಿನ್ಸ್‌ಗೆ ಆ ಕಾಟವಿಲ್ಲ. ಮೈಸೀನೆಯ ಜೊತೆಗೇ 1999ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಕೋಟೆ ಅದು. ನಾಫ್ಲಿಯೊ ಪಟ್ಟಣಕ್ಕೆ ಹೋಗುವ ರಸ್ತೆಯ ಬದಿಯಲ್ಲೇ ಇದೆ, ಬಸ್ಸುಗಳು ನಿಲ್ಲಿಸದೆ ಹೋಗುತ್ತವೆ. ಆ ಬಂಡೆಗಳ ಗಾತ್ರ ನೋಡಿ ಗ್ರೀಕರೇ ಇದು ರಾಕ್ಷಸರು ಕಟ್ಟಿದ್ದು ಅಂದುಕೊಂಡಿದ್ದರು.

ಕಾರು ಬೇಡ ಅನ್ನುವವರು ಬಾಸೆಯನ್ನು ಬಿಟ್ಟುಬಿಡಿ, ಬಸ್ಸು ನಂಬಿ ಅಲ್ಲಿಗೆ ಹೋಗಲಾಗದು. ಡೆಲ್ಫಿಗೆ ಅಥೆನ್ಸಿನಿಂದ ಕೆಟಿಇಎಲ್ ಎಂಬ ಸಾರಿಗೆ ಸಂಸ್ಥೆಯ ಬಸ್ಸಿದೆ, ಒಂದು ರಾತ್ರಿ ಅಲ್ಲೇ ಉಳಿಯಿರಿ. ಇನ್ನೊಂದು ದಿನಕ್ಕೆ ಪಿರೇಯಸ್‌ನಿಂದ ಈಜೀನಾ ದ್ವೀಪ. ವೇಗದ ದೋಣಿಯಲ್ಲಿ 40 ನಿಮಿಷ. ಪೈನ್ ಮರಗಳ ಗುಡ್ಡದ ಮೇಲೆ ಅಫಾಯಾ ದೇವಿಯ ಗುಡಿಯಿದೆ, ಪಾರ್ಥೆನಾನ್‌ಗಿಂತ ಹಳೆಯದು. ಬಂದರಿನಿಂದ ಗುಡಿಗೆ ಚಳಿಗಾಲದಲ್ಲಿ ಬಸ್ಸು ಕಡಿಮೆ. ದೋಣಿ ಇಳಿದ ಕೂಡಲೇ ವಾಪಸ್ ಬಸ್ಸಿನ ಹೊತ್ತು ಕೇಳಿಕೊಂಡು, ಆಮೇಲೆ ಹೊರಡಿ.