ವಿದೇಶ ಪ್ರವಾಸ: ಮೊದಲು ಹೆಸರು ಸರಿಮಾಡಿ, ಟಿಕೆಟ್ ಆಮೇಲೆ ತೆಗೆಯಿರಿ

ಕಾಸರಗೋಡಿನವರಿಗೆ ವಿಮಾನ ಹೊಸತಲ್ಲ. ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ನಮ್ಮ ಕಡೆ ಕಡಿಮೆ. ಆದರೆ ಈಗ ಕೆಲಸಕ್ಕಷ್ಟೇ ಅಲ್ಲ, ಸುಮ್ನೆ ನೋಡಿ ಬರಲಿಕ್ಕೂ ಜನ ಹೊರಡುತ್ತಿದ್ದಾರೆ. ನಿವೃತ್ತ ಶಿಕ್ಷಕರು, ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಕಂಡ ಕೃಷಿಕರು, ಮಗಳ ಬಾಣಂತನಕ್ಕೆ ಹೋಗುವ ಅಮ್ಮಂದಿರು. ಇವರಲ್ಲಿ ಬಹಳ ಮಂದಿ ಕೆಲಸವನ್ನು ತಲೆಕೆಳಗಾಗಿ ಶುರು ಮಾಡುತ್ತಾರೆ. ಮೊಬೈಲಿನಲ್ಲಿ ಕಡಿಮೆ ದರ ಕಂಡಿತೆಂದು ಮೊದಲು ಟಿಕೆಟ್ ತೆಗೆಯುತ್ತಾರೆ. ಆಮೇಲೆ ಕಪಾಟಿನಲ್ಲಿ ಪಾಸ್‌ಪೋರ್ಟ್ ಹುಡುಕುತ್ತಾರೆ. ಕೌಂಟರಿನಲ್ಲಿ ತಡೆದಾಗ ಕಣ್ಣೀರು ಹಾಕಿದ ಹಿರಿಯರನ್ನು ನೋಡಿದ್ದೇನೆ. ಅದಕ್ಕಾಗಿ ಈ ಲೇಖನ. ಕಾಗದಪತ್ರ ಸರಿಯಾದ ಮೇಲೆಯೇ ಟಿಕೆಟ್. ಈ ಕ್ರಮ ಬದಲಾಗಬಾರದು.

ಹಂತ 1: ಪಾಸ್‌ಪೋರ್ಟಿನ ಅವಧಿ ನೋಡಿ

ಹೆಚ್ಚಿನ ದೇಶಗಳು ನೀವು ಅಲ್ಲಿ ಇಳಿಯುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಅಷ್ಟು ಇಲ್ಲದಿದ್ದರೆ ಮೊದಲು ನವೀಕರಿಸಿ. ದೊಡ್ಡವರ ಪಾಸ್‌ಪೋರ್ಟ್ 10 ವರ್ಷ, ಸಣ್ಣ ಮಕ್ಕಳದ್ದು ಐದೇ ವರ್ಷ. ಕಾಸರಗೋಡಿನ ಮುಖ್ಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಉಂಟು, ಪಯ್ಯನ್ನೂರಿನಲ್ಲಿಯೂ ಉಂಟು. 36 ಪುಟದ ಸಾಧಾರಣ ಪಾಸ್‌ಪೋರ್ಟಿಗೆ 1,500 ರೂಪಾಯಿ, ತತ್ಕಾಲ್ ಆದರೆ ಅದರ ಮೇಲೆ ಇನ್ನೂ 2,000. ಅರ್ಜಿಯನ್ನು ಸರ್ಕಾರದ ತಾಣದಲ್ಲಿ ಮಾತ್ರ ತುಂಬಿ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇರಬೇಕು. ಹುಡುಕಿದರೆ ಮೇಲ್ಗಡೆ ಜಾಹೀರಾತಿನಂತೆ ಬರುವ ಬೇರೆ ತಾಣಗಳು ನಿಮ್ಮ ವಿವರವನ್ನೂ ದುಡ್ಡನ್ನೂ ತೆಗೆದುಕೊಳ್ಳುತ್ತವೆ, ಪಾಸ್‌ಪೋರ್ಟ್ ಕೊಡುವುದಿಲ್ಲ. ಮೊಬೈಲಿನಲ್ಲಿ ಆಗದಿದ್ದರೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ. ಆದರೆ ಅವರು ಟೈಪ್ ಮಾಡುವಾಗ ಪಕ್ಕದಲ್ಲೇ ಕುಳಿತು ಅಕ್ಷರ ಅಕ್ಷರ ನೋಡಿಕೊಳ್ಳಿ.

ಹಂತ 2: ಹೆಸರು

ಜನ ಜಾಸ್ತಿ ಎಡವುವುದು ಇಲ್ಲೇ. ಇದನ್ನು ನಿಧಾನವಾಗಿ ಓದಿ.

ನಮ್ಮ ಹೆಸರು ಮೂರು ಭಾಷೆ ದಾಟಿ ಬರುತ್ತದೆ. ಮನೆಯಲ್ಲಿ, ಶಾಲೆಯಲ್ಲಿ ಕನ್ನಡ. ಪಂಚಾಯತಿನಲ್ಲಿ, ರೇಷನ್ ಕಾರ್ಡಿನಲ್ಲಿ ಮಲಯಾಳ. ಆಧಾರ್‌ನಲ್ಲಿ ಇಂಗ್ಲಿಷ್. ಸುಬ್ರಹ್ಮಣ್ಯ ಎಂಬ ಹೆಸರು ಒಂದು ಕಡೆ ಸುಬ್ರಮಣ್ಯ, ಇನ್ನೊಂದು ಕಡೆ ಸುಬ್ರಮಣಿಯನ್ ಆಗಿರುತ್ತದೆ. ಭಟ್ ಎಂಬುದಕ್ಕೆ ಒಂದು ದಾಖಲೆಯಲ್ಲಿ ಒಂದು 'ಟಿ', ಮತ್ತೊಂದರಲ್ಲಿ ಎರಡು. ಮೊಹಮ್ಮದ್, ಮುಹಮ್ಮದ್ ಎರಡೂ ಒಂದೇ ಮನುಷ್ಯನ ಕಾಗದಗಳಲ್ಲಿ ಸಿಗುತ್ತವೆ. ಊರಲ್ಲಿ ಇದರಿಂದ ಏನೂ ಆಗುವುದಿಲ್ಲ, ಎಲ್ಲರಿಗೂ ನಿಮ್ಮ ಗುರುತು ಇದೆ. ವಿಮಾನ ಕಂಪನಿಯ ಕಂಪ್ಯೂಟರಿಗೆ ಗುರುತು ಇಲ್ಲ.

ಇನಿಶಿಯಲ್ ಇನ್ನೂ ದೊಡ್ಡ ತೊಡಕು. 'ಕೆ. ರಾಮಚಂದ್ರ' ಎಂದು ಬರೆದುಕೊಂಡೇ ನಾವು ಬೆಳೆದವರು. ಆ 'ಕೆ' ಕೆಲವರಿಗೆ ಕುಂಬಳೆ, ಕೆಲವರಿಗೆ ಮನೆಯ ಹೆಸರು, ಕೆಲವರಿಗೆ ಅಪ್ಪನ ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಣ್ಣ ಅದನ್ನು ಊರಿನ ಹೆಸರಾಗಿ ಬಿಡಿಸಿದ, ತಮ್ಮ ಮನೆಯ ಹೆಸರಾಗಿ ಬಿಡಿಸಿದ ಎಂದಾದರೆ ಮುಂದೆ ಕುಟುಂಬದ ವೀಸಾ ಕೇಳುವಾಗ ಸಂಬಂಧ ಸಾಬೀತು ಮಾಡಲು ಕಷ್ಟ. ಮನೆಯವರೆಲ್ಲ ಒಂದೇ ರೀತಿ ಬಿಡಿಸಿ. ನನ್ನ ಕೇಳಿದರೆ ಅಪ್ಪನ ಹೆಸರೋ ಮನೆತನದ ಹೆಸರೋ ಒಳ್ಳೆಯದು.

ಇನ್ನು ಉಪನಾಮದ ಖಾನೆ. ಅರ್ಜಿಯಲ್ಲಿ ಕೊಟ್ಟ ಹೆಸರು (ಗಿವನ್ ನೇಮ್), ಉಪನಾಮ (ಸರ್‌ನೇಮ್) ಎಂದು ಎರಡು ಖಾನೆಗಳಿವೆ. ಇನಿಶಿಯಲ್ ಬೇಡವೆಂದರು ಅಂತ ಬರೀ 'ರಾಮಚಂದ್ರ' ಎಂದು ತುಂಬಿ ಉಪನಾಮ ಖಾಲಿ ಬಿಟ್ಟವರು ನಮ್ಮಲ್ಲಿ ಬಹಳ. 2022ರ ನವೆಂಬರ್‌ನಲ್ಲಿ ಯುಎಇ ಒಂದು ನಿಯಮ ತಂದಿತು. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದು, ಇನ್ನೊಂದು ಖಾನೆ ಖಾಲಿ ಇದ್ದರೆ ಪ್ರವಾಸಿ ವೀಸಾ, ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತೇವೆ ಎಂಬ ವಿವರಣೆ ಆಮೇಲೆ ಬಂತು. ಆದರೂ ನಿಮ್ಮದು ಒಂದೇ ಪದದ ಹೆಸರಾದರೆ, ವಯಸ್ಸಾದ ಅಪ್ಪ ಅಮ್ಮ ಒಬ್ಬರೇ ಹೋಗುವುದಾದರೆ, ಈ ವಿವರಣೆಯನ್ನು ನಂಬಿ ಹೊರಡಬೇಡಿ. ಪಾಸ್‌ಪೋರ್ಟ್ ಹೊಸದಾಗಿ ಕೊಡಿ ಎಂಬ ರೀ-ಇಶ್ಯೂ ಅರ್ಜಿ ಹಾಕಿ ಹೆಸರನ್ನು ಎರಡು ಖಾನೆಗೆ ಹಂಚಿಸಿಕೊಳ್ಳಿ. ಒಮ್ಮೆ ಮಾಡಿದರೆ 10 ವರ್ಷ ನಿಶ್ಚಿಂತೆ. ಎರಡೂ ಪದವನ್ನು ಕೊಟ್ಟ ಹೆಸರಿನ ಖಾನೆಯಲ್ಲೇ ಬರೆದಿದ್ದರೆ ಅದು ಬೇರೆ ವಿಷಯ, ಅದು ಒಂದೇ ಪದದ ಹೆಸರಾಗುವುದಿಲ್ಲ. ಆದರೆ ಟಿಕೆಟ್ ತೆಗೆಯುವಾಗ ತೊಂದರೆ ಕೊಡುತ್ತದೆ.

ಟಿಕೆಟಿನಲ್ಲಿ ಯಾವ ಹೆಸರು ಎಲ್ಲಿ ಬರಬೇಕು ಎಂದು ಸಂಶಯ ಬಂದರೆ ಪಾಸ್‌ಪೋರ್ಟಿನ ಫೋಟೋ ಇರುವ ಪುಟದ ಕೆಳಗೆ ನೋಡಿ. ಅಲ್ಲಿ ಎರಡು ಸಾಲು ಉದ್ದಕ್ಕೆ ಅಚ್ಚಾಗಿರುತ್ತದೆ. ಮೊದಲ ಸಾಲಿನಲ್ಲಿ ದೇಶದ ಗುರುತು, ಆಮೇಲೆ ಉಪನಾಮ, ಆಮೇಲೆ ಬಾಣದ ತಲೆಯಂಥ ಎರಡು ಗುರುತು, ಅದರ ನಂತರ ಕೊಟ್ಟ ಹೆಸರು. ವಿಮಾನ ನಿಲ್ದಾಣದ ಯಂತ್ರ ಓದುವುದು ಈ ಸಾಲನ್ನೇ. ಎರಡು ಬಾಣದ ಮೊದಲು ಇರುವುದು ಟಿಕೆಟಿನ 'ಲಾಸ್ಟ್ ನೇಮ್', ನಂತರದ್ದು 'ಫಸ್ಟ್ ನೇಮ್'. ಉಪನಾಮವೇ ಇಲ್ಲದವರು ಏನು ತುಂಬಬೇಕು ಎಂಬುದಕ್ಕೆ ಒಂದೊಂದು ಕಂಪನಿಯ ನಿಯಮ ಒಂದೊಂದು ಥರ. ಕೆಲವರು ಹೆಸರನ್ನೇ ಎರಡು ಸಲ ಬರೆಯಿರಿ ಎನ್ನುತ್ತಾರೆ. ಆ ಕಂಪನಿಗೇ ಫೋನ್ ಮಾಡಿ ಕೇಳಿ, ಏಜೆಂಟರನ್ನಲ್ಲ. ಒಂದೆರಡು ಅಕ್ಷರದ ತಪ್ಪನ್ನು ಕೆಲವು ಕಂಪನಿಗಳು ತಿದ್ದಿಕೊಡುತ್ತವೆ. ಇಡೀ ಹೆಸರು ಬದಲಿಸಬೇಕೆಂದರೆ ಸಾಮಾನ್ಯವಾಗಿ ಹೊಸ ಟಿಕೆಟ್ಟೇ ಗತಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಮದುವೆಯಾಯಿತೆಂದು ಪಾಸ್‌ಪೋರ್ಟಿನ ಹೆಸರು ಬದಲಿಸಲೇಬೇಕು ಎಂಬ ನಿಯಮ ಇಲ್ಲ. ಬದಲಿಸುವುದಾದರೆ ಆಧಾರ್, ಬ್ಯಾಂಕ್, ಪಾನ್ ಎಲ್ಲವನ್ನೂ ಬದಲಿಸಿ. ಅರ್ಧಂಬರ್ಧ ಮಾತ್ರ ಬೇಡ.

ಹಂತ 3: ದೇಶ ಮತ್ತು ವೀಸಾ

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಮಲೇಷ್ಯಾ. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ ಎಂದು ಆ ದೇಶ ಹೇಳಿದೆ. ಅನ್ನ, ದೋಸೆ ಸಿಗುತ್ತದೆ, ಬಸ್ಸು ರೈಲು ಸುಲಭ. ಇಂಥ ನಿಯಮಗಳು ಬದಲಾಗುತ್ತಿರುತ್ತವೆ. ಹಾಗಾಗಿ ಟಿಕೆಟ್ ತೆಗೆಯುವ ದಿನವೇ ಆ ದೇಶದ ಸರ್ಕಾರಿ ತಾಣದಲ್ಲಿ ಮತ್ತೊಮ್ಮೆ ನೋಡಿ.

ವೀಸಾ ಬೇಡ ಎಂದರೆ ಕಾಗದವೇ ಬೇಡ ಎಂದಲ್ಲ. ಮಲೇಷ್ಯಾದಲ್ಲಿ ಇಳಿಯುವ ದಿನಕ್ಕೆ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು. ಥಾಯ್ಲೆಂಡ್ ಕೂಡ 2025ರ ಮೇ 1ರಿಂದ ಅದನ್ನು ಕಡ್ಡಾಯ ಮಾಡಿತು. ಸಿಂಗಾಪುರಕ್ಕೆ ವೀಸಾ ಬೇಕು, ಕಾರ್ಡೂ ಬೇಕು. ಈ ಮೂರೂ ಕಾರ್ಡುಗಳಿಗೆ ಒಂದು ರೂಪಾಯಿಯೂ ಇಲ್ಲ. ಯಾರಾದರೂ ದುಡ್ಡು ಕೇಳಿದರೆ ಆ ತಾಣ ಸರ್ಕಾರದ್ದಲ್ಲ, ಮುಚ್ಚಿಬಿಡಿ. ಹಿಂತಿರುಗುವ ಟಿಕೆಟ್, ಹೋಟೆಲ್ ಬುಕಿಂಗ್ ಪ್ರಿಂಟ್ ತೆಗೆದು ಕೈಯಲ್ಲಿಡಿ. ಇಮಿಗ್ರೇಷನ್‌ನಲ್ಲಿ ಕೇಳಿದಾಗ ತೋರಿಸದಿದ್ದರೆ ಅಲ್ಲಿಂದಲೇ ವಾಪಸ್ ಕಳಿಸಬಹುದು.

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ದೊಡ್ಡವರಿಗೆ 90 ಯೂರೋ, ಜೊತೆಗೆ ಅರ್ಜಿ ಕೇಂದ್ರದ ಶುಲ್ಕ. ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ವೀಸಾ ಸಿಗದಿದ್ದರೂ ಶುಲ್ಕ ವಾಪಸ್ ಇಲ್ಲ. ಮೊದಲ ಪ್ರವಾಸಕ್ಕೆ ಇದು ಬೇಡ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಥಾಯ್ಲೆಂಡಿಗೆ ಸುಮ್ಮನೆ ಬಾ, ಅಲ್ಲಿ ಕಂಪ್ಯೂಟರ್ ಕೆಲಸ ಉಂಟು, ಒಳ್ಳೆ ಸಂಬಳ ಎಂದು ವಾಟ್ಸ್ಯಾಪ್‌ನಲ್ಲಿ ಕರೆಯುವವರನ್ನು ನಂಬಬೇಡಿ. ಹಾಗೆ ಹೋದ ಹುಡುಗರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ್ದಾರೆ. 2025ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ವಾಯುಪಡೆಯ ವಿಮಾನ ಕಳಿಸಿ ನೂರಾರು ಭಾರತೀಯರನ್ನು ಕರೆತರಬೇಕಾಯಿತು. ಪ್ರವಾಸಿಯಾಗಿ ಹೋಗಿ ಕೆಲಸ ಮಾಡುವುದು ಕಾನೂನಿಗೆ ವಿರುದ್ಧ. ಕೆಲಸಕ್ಕೆ ಹೋಗುವವರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟರ ನೋಂದಣಿ ನೋಡಿ. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ಕೇಳುವಂತಿಲ್ಲ. ಹೊರದೇಶದ ಕೆಲಸಗಾರರಿಗಾಗಿ ಇರುವ ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್‌ನಲ್ಲಿಯೂ ವಿಚಾರಿಸಬಹುದು.

ಹಂತ 4: ಈಗ ಟಿಕೆಟ್

ನಮಗೆ ನಾಲ್ಕು ವಿಮಾನ ನಿಲ್ದಾಣಗಳ ಆಯ್ಕೆ ಇದೆ: ಮಂಗಳೂರು, ಕಣ್ಣೂರು, ಕರಿಪ್ಪೂರು (ಕೋಝಿಕ್ಕೋಡ್), ಕೊಚ್ಚಿ. ನಾಲ್ಕರ ದರವನ್ನೂ ನೋಡಿ, ಹೋಗುವ ಖರ್ಚು ಸೇರಿಸಿ. ಗಲ್ಫ್‌ಗೆ ಮಂಗಳೂರು ಸಾಕು. ಮಲೇಷ್ಯಾ ಕಡೆಗೆ ಕೊಚ್ಚಿ, ಬೆಂಗಳೂರು ಹಲವು ಸಲ ಅಗ್ಗ. ರಾತ್ರಿ ರೈಲಿನಲ್ಲಿ ಹೋಗಿ ಆಲುವಾದಲ್ಲಿ ಇಳಿದರೆ ಕೊಚ್ಚಿ ವಿಮಾನ ನಿಲ್ದಾಣ ಇರುವ ನೆಡುಂಬಾಶ್ಶೇರಿ ಹತ್ತಿರ. ಟ್ಯಾಕ್ಸಿಗೆ ಕೊಡುವ ದುಡ್ಡಿನಲ್ಲಿ ಅಲ್ಲಿ ಎರಡು ದಿನ ಊಟ ಮಾಡಬಹುದು.

ಗಲ್ಫ್‌ನ ಶಾಲೆಗಳಿಗೆ ಜುಲೈ, ಆಗಸ್ಟ್ ರಜೆ. ಆಗ, ಮತ್ತೆ ಓಣಂ, ಪೆರ್ನಾಲ್ (ಈದ್) ಹೊತ್ತಿಗೆ ದರ ಏರಿಬಿಡುತ್ತದೆ. ಹೋಗಲೇಬೇಕಾದ ಕೆಲಸ ಇಲ್ಲದಿದ್ದರೆ ಆ ದಿನಗಳನ್ನು ಬಿಡಿ.

ದಾರಿಯಲ್ಲಿ ವಿಮಾನ ಬದಲಿಸುವುದಾದರೆ ಎರಡೂ ವಿಮಾನದ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ ಇರಲಿ. ಬೇರೆ ಬೇರೆ ತೆಗೆದರೆ ಕೆಲವು ಸಾವಿರ ಉಳಿಯುತ್ತದೆ ನಿಜ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಣೆ ಯಾರೂ ಹೊರುವುದಿಲ್ಲ. ಮಂಗಳೂರು, ಕರಿಪ್ಪೂರು ಎರಡೂ ಗುಡ್ಡದ ಮೇಲಿನ ರನ್‌ವೇ. ಜೋರು ಮಳೆಗೆ ವಿಮಾನವನ್ನು ಬೇರೆ ಕಡೆಗೆ ತಿರುಗಿಸುತ್ತಾರೆ. ಮಳೆಗಾಲದಲ್ಲಿ ಇಂಥ ಉಳಿತಾಯ ಬೇಡವೇ ಬೇಡ.

ಅತಿ ಅಗ್ಗದ ಟಿಕೆಟಿನಲ್ಲಿ ಲಗೇಜ್ ಸೇರಿರುವುದಿಲ್ಲ. ಅದನ್ನು ಸೇರಿಸಿಯೇ ಹೋಲಿಸಿ. ದುಡ್ಡು ಕಟ್ಟುವ ಪುಟದಲ್ಲಿ ತನ್ನಿಂತಾನೇ ಟಿಕ್ ಆಗಿರುವ ವಿಮೆ, ಸೀಟು ಎಲ್ಲ ತೆಗೆದುಹಾಕಿ.

ಹಂತ 5: ಹಣ

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಹಣ ಬದಲಿಸಬೇಡಿ, ಅಲ್ಲಿ ದರ ಕೆಟ್ಟದಾಗಿರುತ್ತದೆ. ಪೇಟೆಯ ಅಧಿಕೃತ ವಿನಿಮಯ ಅಂಗಡಿಯಲ್ಲಿ ಸ್ವಲ್ಪ ನಗದು ತೆಗೆದುಕೊಂಡು, ರಶೀದಿ ಇಟ್ಟುಕೊಂಡು, ಉಳಿದದ್ದನ್ನು ಫಾರೆಕ್ಸ್ ಕಾರ್ಡಿಗೆ, ಅಂದರೆ ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡಿಗೆ ಹಾಕಿ. ಸಾಮಾನ್ಯ ಡೆಬಿಟ್, ಕ್ರೆಡಿಟ್ ಕಾರ್ಡ್ ಉಜ್ಜಿದರೆ ಮೂರು ಮೂರೂವರೆ ಶೇಕಡಾ ಮೇಲೆ ಹೋಗುತ್ತದೆ. ಅಲ್ಲಿನ ಅಂಗಡಿಯ ಯಂತ್ರ 'ರೂಪಾಯಿಯಲ್ಲಿ ಕೊಡುತ್ತೀರಾ' ಎಂದು ಕೇಳುತ್ತದೆ. ಬೇಡ ಅನ್ನಿ. ಆ ದೇಶದ ಹಣದಲ್ಲೇ ಕೊಡಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ದರ.

ಟೂರ್ ಪ್ಯಾಕೇಜ್ ತೆಗೆದರೆ ಟಿಸಿಎಸ್ ಎಂದು ತೆರಿಗೆ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ. ಆದಾಯ ತೆರಿಗೆ ರಿಟರ್ನ್ ಹಾಕಿದರೆ ನಿಮ್ಮ ಲೆಕ್ಕಕ್ಕೆ ಬರುತ್ತದೆ.

ಹಂತ 6: ವಿಮೆ

ಟಿಕೆಟಿನ ಪುಟದಲ್ಲಿ ತನ್ನಿಂತಾನೇ ಬರುವ ವಿಮೆ ಬೇಡ, ಪ್ರವಾಸ ವಿಮೆಯನ್ನು ಬೇರೆಯಾಗಿ ಮಾಡಿಸಿಕೊಳ್ಳಿ. ಬಿಪಿ, ಶುಗರ್ ಇದ್ದರೆ ಅರ್ಜಿಯಲ್ಲಿ ಬರೆಯಿರಿ. ಮುಚ್ಚಿಟ್ಟರೆ ಕ್ಲೇಮ್ ಕೊಡುವುದಿಲ್ಲ.

ಹಂತ 7: ಚೀಲ, ಮತ್ತು ಬೇರೆಯವರ ಕಟ್ಟು

ಹೊರಡುವ ಸುದ್ದಿ ತಿಳಿದ ಕೂಡಲೇ ಯಾರಾದರೂ ಬರುತ್ತಾರೆ. "ನಮ್ಮ ಹುಡುಗನಿಗೆ ಒಂದು ಸಣ್ಣ ಕಟ್ಟು ಉಂಟು ಮಾರಾಯ್ರೇ, ಭಾರ ಇಲ್ಲ." ತೆಗೆದುಕೊಳ್ಳಬೇಡಿ. ತೀರಾ ಹತ್ತಿರದವರಾದರೆ ಅವರ ಎದುರಲ್ಲೇ ಪೂರ್ತಿ ಬಿಚ್ಚಿ, ಒಂದೊಂದನ್ನೂ ನೋಡಿ, ನೀವೇ ಕಟ್ಟಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ನಿಮ್ಮ ಚೀಲದಲ್ಲಿ ಸಿಕ್ಕಿದ್ದಕ್ಕೆ ಅಲ್ಲಿನ ಕಾನೂನು ನಿಮ್ಮನ್ನೇ ಹಿಡಿಯುತ್ತದೆ.

ಪಾಯಸಕ್ಕೆಂದು ಗಸಗಸೆ ಕಟ್ಟಿಕೊಡುವ ಅಜ್ಜಿಯರಿಗೆ ತಿಳಿಸಿ ಹೇಳಿ: ಯುಎಇ, ಸೌದಿ, ಸಿಂಗಾಪುರದಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಬರುತ್ತದೆ. ದುಬೈಗೆ ವೀಳ್ಯದೆಲೆ ಒಯ್ಯುವಂತಿಲ್ಲ. ಸಿಂಗಾಪುರಕ್ಕೆ ಜಗಿಯುವ ಹೊಗೆಸೊಪ್ಪು, ಚೂಯಿಂಗ್ ಗಮ್ ಕೂಡದು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುವ ವಸ್ತುಗಳ ಸಾಲಿಗೆ ಸೇರುತ್ತದೆ, ಮನೆಯಲ್ಲೇ ಇರಲಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.

ಮಾತ್ರೆಗಳನ್ನು ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್ಪಿನಲ್ಲೇ, ವೈದ್ಯರ ಚೀಟಿಯ ಜೊತೆ ಒಯ್ಯಿರಿ. ಟ್ರಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಿಗೆ ಯುಎಇಯಲ್ಲಿ ಮೊದಲೇ ಆನ್‌ಲೈನ್ ಅನುಮತಿ ಬೇಕು. ಬೇರೆ ಮಾತ್ರೆ ಆಗುತ್ತದೋ ಎಂದು ನಿಮ್ಮ ವೈದ್ಯರನ್ನು ಕೇಳುವುದೇ ಸುಲಭ.

ಮಲೇಷ್ಯಾ, ಸಿಂಗಾಪುರ, ಯುಎಇಯಲ್ಲಿ ಮೂರು ಚಪ್ಪಟೆ ಪಿನ್ನಿನ ಪ್ಲಗ್. ಅಡಾಪ್ಟರ್ ಒಳ್ಳೆಯದು ತೆಗೆಯಿರಿ, ಬಸ್‌ಸ್ಟ್ಯಾಂಡಿನ ಪಕ್ಕ ಮಾರುವ ಹಗುರ ಮಾಲು ಬಿಸಿಯಾಗಿ ಕರಗುತ್ತದೆ.

ಹಂತ 8: ಅಲ್ಲಿ ಪಾಸ್‌ಪೋರ್ಟ್ ಕಳೆದರೆ

ಹೊರಡುವ ಮೊದಲೇ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಫೋಟೋ ತೆಗೆದು ಮನೆಯಲ್ಲಿರುವ ಒಬ್ಬರಿಗೆ ಕಳಿಸಿ. ಎರಡು ಪಾಸ್‌ಪೋರ್ಟ್ ಸೈಜಿನ ಚಿತ್ರ ಬೇರೆ ಚೀಲದಲ್ಲಿ ಇಡಿ. ಕಳೆದರೆ ಮೊದಲು ಅಲ್ಲಿನ ಪೊಲೀಸ್ ದೂರು, ಆ ಪ್ರತಿ ಹಿಡಿದು ಭಾರತೀಯ ರಾಯಭಾರ ಕಚೇರಿ. ಅವರು ಕೊಡುವ ತುರ್ತು ಪ್ರಮಾಣಪತ್ರದಲ್ಲಿ ಊರಿಗೆ ಬರಬಹುದು, ಬೇರೆ ದೇಶ ಸುತ್ತಲು ಆಗುವುದಿಲ್ಲ. ಹಾಗಾಗಿ ಮುಂದಿನ ಹೋಟೆಲ್, ಮುಂದಿನ ಟಿಕೆಟ್ ಇದ್ದರೆ ಅದೇ ದಿನ ರದ್ದು ಮಾಡಿ. ತಡ ಮಾಡಿದಷ್ಟೂ ವಾಪಸ್ ಬರುವ ದುಡ್ಡು ಕಡಿಮೆ.